ದೀರ್ಘಕಾಲಿಕ ಹೆಪಟೈಟಿಸ್-ಬಿ ಚಿಕಿತ್ಸೆಯಲ್ಲಿ ಔಷಧ ಪ್ರತಿರೋಧ

ಹೆಪಟೈಟಿಸ್-ಬಿ ವೈರಾಣು ನೆಲೆಯೂರಿದ ಯಕೃತ್ತಿನಲ್ಲಿ ದಿನವೊಂದಕ್ಕೆ ಹತ್ತು ಸಾವಿರ ಕೋಟಿಗೂ ಮಿಕ್ಕಿ ಹೊಸ ವೈರಾಣುಗಳು ಹುಟ್ಟಬಲ್ಲವು. ಇವುಗಳ ಡಿಎನ್‌ಎಯನ್ನು ರಚಿಸುವ ಪಾಲಿಮರೇಸ್ ಎಂಬ ಕಿಣ್ವಕ್ಕೆ ತನ್ನ ನಕಲಿನ ತಪ್ಪುಗಳನ್ನು ತಿದ್ದಿಕೊಳ್ಳುವ ಶಕ್ತಿಯಿಲ್ಲ. ಆದ್ದರಿಂದ ಚಿಕಿತ್ಸೆ ಆರಂಭವಾಗುವ ಮೊದಲೇ ರೋಗಿಯ ದೇಹದಲ್ಲಿ ಅಸಂಖ್ಯ ಮಾರ್ಪಟ್ಟ ತಳಿಗಳಿರುತ್ತವೆ. ಔಷಧವು ಅವುಗಳಲ್ಲಿ ತನಗೆ ಜಗ್ಗದವುಗಳನ್ನು ಉಳಿಸಿ ಬೆಳೆಯಗೊಡುತ್ತದೆ.

1998ರಲ್ಲಿ ಅಮೆರಿಕೆಯಲ್ಲಿ ಈ ರೋಗಕ್ಕೆ ಅನುಮೋದನೆ ಪಡೆದ ಲ್ಯಾಮಿವುಡಿನ್ ಇದಕ್ಕೆ ಉತ್ತಮ ನಿದರ್ಶನ. ದಿನಕ್ಕೊಂದು ಮಾತ್ರೆ, ಅಡ್ಡಪರಿಣಾಮ ಅತ್ಯಲ್ಪ. ಆದರೆ ಐದು ವರ್ಷಗಳಲ್ಲಿ ಸುಮಾರು ಶೇ. 70ರಷ್ಟು ರೋಗಿಗಳಲ್ಲಿ ಪ್ರತಿರೋಧ ಕಂಡುಬಂದಿತು. ಕಿಣ್ವದ 204ನೆಯ ಸ್ಥಾನದಲ್ಲಿರುವ ಮಿಥಿಯೋನಿನ್ ಎಂಬ ಅಮೈನೊ ಆಮ್ಲದ ಜಾಗದಲ್ಲಿ ವ್ಯಾಲಿನ್ ಅಥವಾ ಐಸೊಲ್ಯೂಸಿನ್ ಬಂದರೆ, ಅದರ ಕವಲೊಡೆದ ಪಾರ್ಶ್ವಭಾಗವು ಲ್ಯಾಮಿವುಡಿನ್‌ನ ಗಂಧಕಯುಕ್ತ ಉಂಗುರಕ್ಕೆ ಅಡ್ಡವಾಗುತ್ತದೆ. ಔಷಧವು ಕಿಣ್ವದೊಳಗೆ ಕೂರದು. ಹೀಗೆ ಮಾರ್ಪಟ್ಟ ವೈರಾಣುವಿನ ವೃದ್ಧಿ ತುಸು ನಿಧಾನ. 180ನೆಯ ಸ್ಥಾನದಲ್ಲಿ ಆಗುವ ಇನ್ನೊಂದು ಬದಲಾವಣೆ ಆ ಕೊರತೆಯನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ.

ಪ್ರತಿರೋಧದ ಮೊದಲ ಸೂಚನೆ ರಕ್ತದಲ್ಲಿ ವೈರಾಣುವಿನ ಡಿಎನ್‌ಎ ಪ್ರಮಾಣ ಮತ್ತೆ ಹತ್ತು ಪಟ್ಟು ಏರುವುದು. ಯಕೃತ್ತಿನ ಕಿಣ್ವಗಳ ಏರಿಕೆ ಸಾಮಾನ್ಯವಾಗಿ ಅನಂತರದ್ದು. ಸಿರೋಸಿಸ್ ಆಗಿರುವವರಲ್ಲಿ ಇಂತಹ ಮರುಕಳಿಕೆ ಯಕೃತ್ತಿನ ವೈಫಲ್ಯಕ್ಕೂ ಎಡೆಮಾಡಬಹುದು. ಮಾತ್ರೆಯನ್ನು ಬಿಟ್ಟು ಬಿಟ್ಟು ನುಂಗಿದವರಲ್ಲಿಯೂ ಇದೇ ಏರಿಕೆ ತೋರುವುದರಿಂದ, ಪ್ರತಿರೋಧವೆಂದು ತೀರ್ಮಾನಿಸುವ ಮುನ್ನ ಅದನ್ನು ವಿಚಾರಿಸುವುದು ಅವಶ್ಯ.

2005ರಲ್ಲಿ ಬಂದ ಎಂಟೆಕಾವಿರ್‌ನ ಅನುಭವ ಹೆಚ್ಚು ಬೋಧಪ್ರದ. ಹಿಂದೆ ಇಂತಹ ಔಷಧ ಸೇವಿಸದವರಲ್ಲಿ ಐದು ವರ್ಷಗಳ ಬಳಿಕವೂ ಪ್ರತಿರೋಧ ಶೇ. 1.2 ಮಾತ್ರ, ಲ್ಯಾಮಿವುಡಿನ್‌ಗೆ ಪ್ರತಿರೋಧ ಬೆಳೆದಿದ್ದವರಲ್ಲಿ ಸುಮಾರು ಶೇ. 51. ಎಂಟೆಕಾವಿರ್ ಅನ್ನು ಮೀರಲು ವೈರಾಣುವಿಗೆ ಕನಿಷ್ಠ ಮೂರು ಬದಲಾವಣೆಗಳು ಬೇಕು. ಅವುಗಳಲ್ಲಿ ಎರಡನ್ನು ಲ್ಯಾಮಿವುಡಿನ್ ಮೊದಲೇ ಒದಗಿಸಿರುತ್ತದೆ. ಅಗ್ಗದ ಔಷಧದಿಂದ ಆರಂಭಿಸಿ, ಅದು ಸೋತಾಗ ಮುಂದಿನದಕ್ಕೆ ಹೋಗುವ ಕ್ರಮ ಇಲ್ಲಿ ದುಬಾರಿಯಾಯಿತು. 2008ರಲ್ಲಿ ಈ ರೋಗಕ್ಕೆ ಅನುಮೋದನೆಗೊಂಡ ಟೆನೊಫೊವಿರ್‌ಗೆ, ಎಂಟು ವರ್ಷಗಳ ಚಿಕಿತ್ಸಾ ಪ್ರಯೋಗಗಳಲ್ಲಿ ಪ್ರತಿರೋಧ ದೃಢಪಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಟೆನೊಫೊವಿರ್ ಮತ್ತು ಎಂಟೆಕಾವಿರ್‌ಗಳನ್ನೇ ಪ್ರಥಮ ಆಯ್ಕೆಯಾಗಿ ಶಿಫಾರಸು ಮಾಡಿತು.

ಆದರೂ ಹಳೆಯ ಚಿಕಿತ್ಸೆಯ ಗುರುತು ಅಳಿಯುವುದಿಲ್ಲ. ಯಕೃತ್ತಿನ ಜೀವಕೋಶಗಳ ಕೇಂದ್ರದಲ್ಲಿ ವೈರಾಣುವಿನ ಡಿಎನ್‌ಎ ಮುಚ್ಚಿದ ವೃತ್ತಾಕಾರದಲ್ಲಿ ಉಳಿಯುತ್ತದೆ. ಈ ಮಾತ್ರೆಗಳು ಅದನ್ನು ನಿರ್ಮೂಲ ಮಾಡಲಾರವು. ಪ್ರತಿರೋಧಕ ತಳಿಯ ಪ್ರತಿಯೂ ಅಲ್ಲಿಯೇ ಅಡಗಿರುತ್ತದೆ. ಹಲವು ವರ್ಷಗಳ ಹಿಂದೆ ಲ್ಯಾಮಿವುಡಿನ್ ಸೇವಿಸಿ ನಿಲ್ಲಿಸಿದ ರೋಗಿ ಇಂದು ಮತ್ತೆ ವೈದ್ಯರ ಬಳಿ ಬಂದರೆ, ರಕ್ತಪರೀಕ್ಷೆಯಲ್ಲಿ ಮಾರ್ಪಟ್ಟ ತಳಿ ಕಾಣದಿದ್ದರೂ, ಟೆನೊಫೊವಿರ್ ಅನ್ನೇ ಆರಿಸಿಕೊಳ್ಳಬೇಕಾಗುತ್ತದೆ.