ಮಬ್ಬು ಉಳಿಸುವುದೂ ಒಂದು ವಿದ್ಯೆ

ಬೀರ್ ಎಂದ ಕೂಡಲೇ ಬಹುತೇಕರ ಕಣ್ಣ ಮುಂದೆ ಬರುವುದು ಹೊಂಬಣ್ಣದ ತಿಳಿ ಪಾನೀಯ. ಲೋಟದ ಆಚೆ ಇಟ್ಟ ಪತ್ರಿಕೆಯ ಅಕ್ಷರವನ್ನು ಈಚೆಯಿಂದ ಓದುವಷ್ಟು ತಿಳಿ. ಅಮೆರಿಕದ ಈಶಾನ್ಯ ಮೂಲೆಯಲ್ಲಿರುವ ವರ್ಮಾಂಟ್ ರಾಜ್ಯದಿಂದ ಹೊರಟ ಒಂದು ಬಗೆಯ ಬೀರ್ ಮಾತ್ರ ಈ ಚಿತ್ರವನ್ನು ತಲೆಕೆಳಗು ಮಾಡಿದೆ. ನೋಡಲು ಅದು ಥೇಟ್ ಕಿತ್ತಳೆ ರಸ. ಅದರ ಹೆಸರು ಹೇಝಿ ಐಪಿಎ, ಅಂದರೆ ಮಬ್ಬು ಬೀರ್.

ನನಗೆ ಈಗ 20. ಹಾಗಾಗಿ ಇದು ರುಚಿಯ ಬಗೆಗಿನ ಬರಹವಲ್ಲ, ಕುಡಿಯಿರಿ ಎಂಬ ಸಲಹೆಯಂತೂ ಅಲ್ಲವೇ ಅಲ್ಲ. ಕೆಮಿಕಲ್ ಎಂಜಿನಿಯರಿಂಗ್ ಓದುವ ನನಗೆ ಕುತೂಹಲ ಹುಟ್ಟಿಸಿದ್ದು ಒಂದೇ ಪ್ರಶ್ನೆ. ಮನೆಯ ಮಜ್ಜಿಗೆಯನ್ನು ಅಲುಗಾಡಿಸದೆ ಇಟ್ಟರೆ ಸ್ವಲ್ಪ ಹೊತ್ತಿಗೇ ಮೇಲೆ ನೀರು, ಕೆಳಗೆ ಗಟ್ಟಿ. ಹಾಗಿದ್ದರೆ ಕ್ಯಾನ್‌ನೊಳಗೆ ಈ ಮಬ್ಬು ವಾರಗಟ್ಟಲೆ, ತಿಂಗಳುಗಟ್ಟಲೆ ಹೇಗೆ ನಿಲ್ಲುತ್ತದೆ? ಉತ್ತರ ಹುಡುಕುತ್ತಾ ಹೋದರೆ ಅದು ಸೀದಾ ನಮ್ಮ ಪಠ್ಯಪುಸ್ತಕಕ್ಕೇ ಬಂದು ನಿಲ್ಲುತ್ತದೆ.

ದೋಷವೇ ಗುರುತಾದ ಕಥೆ

ವರ್ಮಾಂಟ್‌ನ ಬರ್ಲಿಂಗ್ಟನ್ ನಗರದಲ್ಲಿ ಗ್ರೆಗ್ ನೂನನ್ 1988ರಲ್ಲಿ ಒಂದು ಪುಟ್ಟ ಬ್ರೂಪಬ್ ತೆರೆದರು. ಅಲ್ಲಿ ಕೆಲಸ ಕಲಿತ ಜಾನ್ ಕಿಮಿಕ್ 2003ರಲ್ಲಿ ಪತ್ನಿ ಜೆನ್ ಜೊತೆ ವಾಟರ್‌ಬರಿ ಊರಿನಲ್ಲಿ 'ದಿ ಆಲ್ಕೆಮಿಸ್ಟ್' ಆರಂಭಿಸಿದರು. ಅವರ 'ಹೆಡಿ ಟಾಪರ್' ಬೀರನ್ನು ಸೋಸದೆಯೇ ಕೊಡಲಾಗುತ್ತಿತ್ತು. 2011ರಲ್ಲಿ ಅದು ಕ್ಯಾನ್‌ಗೆ ಬಂದಾಗ, ಲೋಟಕ್ಕೆ ಸುರಿಯದೆ ಕ್ಯಾನ್‌ನಿಂದಲೇ ಕುಡಿಯಿರಿ ಎಂಬ ಸೂಚನೆ ಡಬ್ಬಿಯ ಮೇಲೇ ಇತ್ತು. ಮಬ್ಬು ಎಂದರೆ ಕೆಟ್ಟಿದೆ ಎಂದು ತಿಳಿಯುತ್ತಿದ್ದ ಕಾಲ ಅದು. ನೋಡನೋಡುತ್ತಲೇ ಅದೇ ಮಬ್ಬನ್ನು ಜನ ಕೇಳಿ ಪಡೆಯತೊಡಗಿದರು. 2018ರಲ್ಲಿ ಅಮೆರಿಕದ ಬ್ರೂವರ್ಸ್ ಅಸೋಸಿಯೇಷನ್ ತನ್ನ ಮಾರ್ಗಸೂಚಿಯಲ್ಲಿ ಇದಕ್ಕೆ ಪ್ರತ್ಯೇಕ ವರ್ಗವನ್ನೇ ಕೊಟ್ಟಿತು.

ಸಮಸ್ಯೆ ಶುರುವಾಗಿದ್ದು ಆಮೇಲೆ. ಮಬ್ಬು ನೋಡಿ ಕೊಂಡ ಗ್ರಾಹಕನಿಗೆ ಮುಂದಿನ ತಿಂಗಳು ತಿಳಿ ಬೀರ್ ಸಿಕ್ಕರೆ ಅದು ದೂರಿಗೆ ಕಾರಣ. ಕ್ಯಾನ್‌ನ ತಳದಲ್ಲಿ ಗಸಿ ಕೂತಿದ್ದರೆ ಅದೂ ದೂರೇ.

ನೂರು ವರ್ಷ ತೆಗೆಯುವುದೇ ಕೆಲಸ

ಅಲ್ಲಿಯವರೆಗಿನ ಬ್ರೂಯಿಂಗ್ ವಿಜ್ಞಾನದ ದೊಡ್ಡ ಪಾಲು ಮಬ್ಬನ್ನು ಓಡಿಸುವುದಕ್ಕೇ ಮೀಸಲಾಗಿತ್ತು. ಕುದಿಯುವ ಪಾತ್ರೆಗೆ ಕಡಲ ಪಾಚಿ ಹಾಕುವುದು, ಮೀನಿನ ಗಾಳಿಚೀಲದಿಂದ ಮಾಡಿದ ಐಸಿಂಗ್ಲಾಸ್ ಬೆರೆಸುವುದು ಹಳೆಯ ವಿಧಾನಗಳು. 1911ರಲ್ಲಿ ಲಿಯೋ ವಾಲರ್‌ಸ್ಟೀನ್ ಪ್ರೋಟೀನ್ ಕತ್ತರಿಸುವ ಕಿಣ್ವಗಳನ್ನು ಬೀರ್‌ಗೆ ಬಳಸುವ ವಿಧಾನಕ್ಕೆ ಪೇಟೆಂಟ್ ಪಡೆದರು. ಈ ಕೆಲಸಕ್ಕೆ ಹೆಸರಾದ ಕಿಣ್ವ ಪಪೇನ್. ನಮ್ಮ ಹಿತ್ತಲ ಪಪ್ಪಾಯಿಕಾಯಿಯನ್ನು ಗೀರಿದರೆ ಒಸರುವ ಹಾಲಿನಲ್ಲಿ ಇರುವುದು ಅದೇ. ಆಮೇಲೆ ಪ್ರೋಟೀನ್ ಹೀರುವ ಸಿಲಿಕಾ ಜೆಲ್, ಪಾಲಿಫಿನಾಲ್ ಹೀರುವ ಪಿವಿಪಿಪಿ ಎಂಬ ಪಾಲಿಮರ್ ಬಂದವು.

ಗಮನಿಸಿ, ಒಂದು ಪ್ರೋಟೀನ್ ತೆಗೆಯುತ್ತದೆ, ಇನ್ನೊಂದು ಪಾಲಿಫಿನಾಲ್. ಎರಡರಲ್ಲಿ ಯಾವುದನ್ನು ತೆಗೆದರೂ ಮಬ್ಬು ಹೋಗುತ್ತದೆ. ಅಂದರೆ ಮಬ್ಬು ಹುಟ್ಟಲು ಎರಡೂ ಬೇಕು. ತೆಗೆಯಲು ಕಲಿತ ವಿದ್ಯೆಯೇ, ಉಳಿಸುವವರಿಗೆ ದಾರಿ ತೋರಿಸುವ ನಕ್ಷೆಯಾಯಿತು.

ಕೊಕ್ಕೆ ಮತ್ತು ಕಡ್ಡಿ

ಬಾರ್ಲಿ, ಗೋಧಿ, ಓಟ್ಸ್‌ನಿಂದ ಬೀರ್‌ಗೆ ಪ್ರೋಟೀನ್ ಬರುತ್ತದೆ. ಇವುಗಳಲ್ಲಿ ಪ್ರೋಲಿನ್ ಎಂಬ ಅಮೈನೋ ಆಮ್ಲ ಹೆಚ್ಚಿರುವ ಪ್ರೋಟೀನ್‌ಗಳೇ ಮಬ್ಬಿನ ಮೂಲ. ಪಾಲಿಫಿನಾಲ್ ಬರುವುದು ಧಾನ್ಯದ ಸಿಪ್ಪೆಯಿಂದ ಮತ್ತು ಹಾಪ್ಸ್ ಹೂವಿನಿಂದ. ಕಾಯಿ ಬಾಳೆಹಣ್ಣು ತಿಂದಾಗ ನಾಲಿಗೆ ಒಗರಾಗುವುದು ಇದೇ ಗುಂಪಿನ ಟ್ಯಾನಿನ್‌ಗಳು ಎಂಜಲಿನ ಪ್ರೋಟೀನನ್ನು ಹಿಡಿಯುವುದರಿಂದ.

ಪ್ರೋಟೀನನ್ನು ಮೈತುಂಬ ಕೊಕ್ಕೆಗಳಿರುವ ಹಗ್ಗ ಎಂದುಕೊಳ್ಳಿ. ಪಾಲಿಫಿನಾಲ್ ಎಂದರೆ ಎರಡೂ ತುದಿಯಲ್ಲಿ ಹಿಡಿತವಿರುವ ಕಡ್ಡಿ. ಕಡ್ಡಿಯ ಒಂದು ತುದಿ ಒಂದು ಹಗ್ಗವನ್ನು, ಮತ್ತೊಂದು ತುದಿ ಇನ್ನೊಂದು ಹಗ್ಗವನ್ನು ಹಿಡಿದಾಗ ಬಲೆ ಹೆಣೆಯುತ್ತದೆ. ಕಡ್ಡಿ ಕಡಿಮೆಯಾದರೆ ಜೋಡಣೆಯೇ ಇಲ್ಲ. ಕಡ್ಡಿ ವಿಪರೀತವಾದರೆ ಪ್ರತಿ ಕೊಕ್ಕೆಗೂ ಒಂದೊಂದು ಕಡ್ಡಿ ಸಿಕ್ಕಿಕೊಂಡು, ಇನ್ನೊಂದು ಹಗ್ಗಕ್ಕೆ ಜಾಗವೇ ಉಳಿಯುವುದಿಲ್ಲ. ಎರಡರ ಲೆಕ್ಕ ಸರಿಹೊಂದಿದಾಗ ಬಲೆ ಅತಿ ದೊಡ್ಡದಾಗುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದ ಕಾರ್ಲ್ ಸೀಬರ್ಟ್ ಮಬ್ಬನ್ನು ವಿವರಿಸಲು ಕೊಟ್ಟ ಮಾದರಿಯ ತಿರುಳು ಇದು.

ಹಾಗಾದರೆ ದೊಡ್ಡ ಬಲೆ ಆದಷ್ಟೂ ಒಳ್ಳೆಯದೇ? ಇಲ್ಲ. ಇಲ್ಲಿ ಸ್ಟೋಕ್ಸ್ ನಿಯಮ ಬರುತ್ತದೆ.

ವರ್ಷಕ್ಕೆ ಎರಡು ಸೆಂಟಿಮೀಟರ್

ದ್ರವದಲ್ಲಿ ಕಣ ಮುಳುಗುವ ವೇಗ ಅದರ ತ್ರಿಜ್ಯದ ವರ್ಗಕ್ಕೆ ಅನುಗುಣ. ಗಾತ್ರ ದುಪ್ಪಟ್ಟಾದರೆ ವೇಗ ನಾಲ್ಕು ಪಟ್ಟು. ದ್ರವಕ್ಕೂ ಕಣಕ್ಕೂ ಸಾಂದ್ರತೆಯ ವ್ಯತ್ಯಾಸ ಘನ ಮೀಟರಿಗೆ 50 ಕೆ.ಜಿ., ತಣ್ಣಗಿನ ಬೀರಿನ ಸ್ನಿಗ್ಧತೆ ನೀರಿನ ಎರಡು ಪಟ್ಟು ಎಂದು ಇಟ್ಟುಕೊಂಡು ನಾನೇ ಲೆಕ್ಕ ಹಾಕಿ ನೋಡಿದೆ. 6 ಮೈಕ್ರಾನ್ ವ್ಯಾಸದ ಯೀಸ್ಟ್ ಕಣ ದಿನಕ್ಕೆ ಸುಮಾರು 4 ಸೆಂ.ಮೀ. ಇಳಿಯುತ್ತದೆ. 16 ಸೆಂ.ಮೀ. ಎತ್ತರದ ಕ್ಯಾನ್‌ನಲ್ಲಿ ನಾಲ್ಕು ದಿನಕ್ಕೆ ತಳ ಸೇರಿತು. 1 ಮೈಕ್ರಾನ್ ಕಣ ದಿನಕ್ಕೆ ಒಂದು ಮಿ.ಮೀ. ಆಸುಪಾಸು. 0.2 ಮೈಕ್ರಾನ್ ಕಣಕ್ಕೆ ವರ್ಷ ಪೂರ್ತಿ ಕೊಟ್ಟರೂ 2 ಸೆಂ.ಮೀ. ದಾಟುವುದಿಲ್ಲ. ಅಷ್ಟು ಸಣ್ಣ ಕಣವನ್ನು ಸುತ್ತಲಿನ ಅಣುಗಳು ಸದಾ ತಳ್ಳಾಡುತ್ತಲೇ ಇರುತ್ತವೆ. ಪಿಯುಸಿಯಲ್ಲಿ ಓದಿದ ಬ್ರೌನಿಯನ್ ಚಲನೆ ಅದು.

ಮಬ್ಬು ಬೀರ್ ಎಂದರೆ ಯೀಸ್ಟ್ ತುಂಬಿದ ಬೀರ್ ಎಂಬ ಕಲ್ಪನೆ ಇಲ್ಲೇ ಬಿದ್ದುಹೋಗುತ್ತದೆ. ಯೀಸ್ಟ್‌ನಿಂದ ಬಂದ ಮಬ್ಬು ವಾರದೊಳಗೆ ತಳ ಸೇರುತ್ತದೆ. ಹಿಟ್ಟು ಬೆರೆಸಿ ತಂದ ಮಬ್ಬಿಗೂ ಹೆಚ್ಚು ಆಯಸ್ಸಿಲ್ಲ. ನಿಲ್ಲಬೇಕಾದದ್ದು ಪ್ರೋಟೀನ್–ಪಾಲಿಫಿನಾಲ್‌ನ ಸಣ್ಣ ಕಣ. ಅದು ಬೆಳಕನ್ನು ಚದುರಿಸುವಷ್ಟು ದೊಡ್ಡದಿರಬೇಕು, ಮುಳುಗದಷ್ಟು ಚಿಕ್ಕದಿರಬೇಕು. ಈ ಇಕ್ಕಟ್ಟಿನ ಓಣಿಯಲ್ಲಿ ಅದನ್ನು ಹಿಡಿದಿಡುವುದೇ ಸವಾಲು.

ಅದಕ್ಕೇ ಓಟ್ಸ್, ಗೋಧಿ ಸುರಿದಷ್ಟೂ ಮಬ್ಬು ಹೆಚ್ಚು ಎಂಬ ಲೆಕ್ಕ ಯಾವಾಗಲೂ ಕೂಡಿಬರುವುದಿಲ್ಲ. ಪ್ರೋಟೀನ್ ಅತಿಯಾದರೆ ಕಣ ದಪ್ಪವಾಗಿ ಕೆಳಗಿಳಿದು, ಬೀರ್ ಮೊದಲಿಗಿಂತ ತಿಳಿಯಾಗಬಹುದು. ಯೀಸ್ಟ್ ಪಾತ್ರವೂ ವಿಚಿತ್ರ. ತಾನು ತಳ ಸೇರಿದರೂ ಕೆಲವು ತಳಿಗಳು ಮಬ್ಬನ್ನು ಬಿಟ್ಟುಹೋಗುತ್ತವೆ, ಕೆಲವು ಇಲ್ಲ. ಅಮೆರಿಕದ ಒಮೆಗಾ ಯೀಸ್ಟ್ ಸಂಸ್ಥೆಯ ಸಂಶೋಧಕರು ಇದರ ಹಿಂದಿರುವ ಜೀನ್ ಒಂದನ್ನು ಗುರುತಿಸಿ ಎಚ್‌ಝಡ್‌ವೈ1 ಎಂದು ಹೆಸರಿಟ್ಟಿದ್ದಾರೆ. ಅಂಥ ತಳಿಯಲ್ಲೂ ಹಾಪ್ಸ್ ಹಾಕುವ ದಿನ ಮುಖ್ಯ. ಹುದುಗುವಿಕೆ ಜೋರಾಗಿರುವಾಗಲೇ ಹಾಕಿದರೆ ಮಬ್ಬು ಗಟ್ಟಿ, ತಡವಾದರೆ ಸಡಿಲ.

ಕೊನೆಯ ಶತ್ರು ಆಮ್ಲಜನಕ. ಡಬ್ಬಿಗೆ ತುಂಬುವಾಗ ಒಳಗೆ ಉಳಿದ ಗಾಳಿ ಪಾಲಿಫಿನಾಲ್‌ಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ಕಡ್ಡಿ ಉದ್ದವಾದಂತೆ ಬಲೆ ಬೆಳೆದು ಕಣ ಇಳಿಯತೊಡಗುತ್ತದೆ. ಬಣ್ಣ ಕಂದುತ್ತದೆ, ಹಾಪ್ಸ್ ಪರಿಮಳವೂ ಹೋಗುತ್ತದೆ. ಹೀಗಾಗಿ ಮಬ್ಬು ಉಳಿಸುವ ಕೆಲಸ ಹುದುಗು ತೊಟ್ಟಿಯಲ್ಲಿ ಮುಗಿಯದೆ, ತುಂಬುವ ಯಂತ್ರ ಮತ್ತು ಶೀತಲ ಗೋದಾಮಿನವರೆಗೂ ಹೋಗುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳಲ್ಲಿ ತೊಟ್ಟಿಯಿಂದ ಲೋಟಕ್ಕೆ ಕೆಲವೇ ಹೆಜ್ಜೆ. ಅಲ್ಲಿ ಮಬ್ಬು ಹೆಚ್ಚು ಕಾಲ ಬಾಳಬೇಕಿಲ್ಲ. ಕ್ಯಾನ್‌ನಲ್ಲಿ ದೂರದ ಅಂಗಡಿಗೆ ಹೋಗುವಾಗ ಪರೀಕ್ಷೆ ಶುರು.

ಅಳೆಯುವವರಿಗೆ ಕೆಲಸವಿದೆ

ಮಬ್ಬನ್ನು ಕಣ್ಣಂದಾಜಿನಲ್ಲಿ ಬಿಡುವಂತಿಲ್ಲ. ಬೆಳಕು ಹಾಯಿಸಿ, ಚದುರಿದ ಬೆಳಕನ್ನು 90 ಡಿಗ್ರಿ ಮತ್ತು 25 ಡಿಗ್ರಿ ಕೋನಗಳಲ್ಲಿ ಅಳೆಯುತ್ತಾರೆ. 90 ಡಿಗ್ರಿ ಸಣ್ಣ ಕಣಗಳ ಸುಳಿವು ಕೊಟ್ಟರೆ, 25 ಡಿಗ್ರಿ ದೊಡ್ಡವುಗಳದ್ದು. ವಾರದಿಂದ ವಾರಕ್ಕೆ ಎರಡನ್ನೂ ಹೋಲಿಸಿದರೆ, ಕಣ ದಪ್ಪವಾಗುತ್ತಿರುವುದು ಗಸಿ ಕಾಣಿಸುವ ಮೊದಲೇ ಗೊತ್ತಾಗುತ್ತದೆ.

ಇದೇ ತತ್ವದ ಉಪಕರಣ ನಮ್ಮ ನೀರು ಶುದ್ಧೀಕರಣ ಘಟಕಗಳಲ್ಲೂ ಇದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ ಕಲಕು 1 ಎನ್‌ಟಿಯು ಒಳಗಿರಬೇಕು, ಬೇರೆ ಮೂಲವಿಲ್ಲದಿದ್ದರೆ 5ರವರೆಗೆ ವಿನಾಯಿತಿ. ಮಬ್ಬು ಬೀರಿನಲ್ಲಿ ಅದು ನೂರಾರು. ನೀರಿನ ಘಟಕದ ಎಂಜಿನಿಯರ್ ಆಲಂ ಹಾಕಿ ಕಣಗಳನ್ನು ಒಟ್ಟುಗೂಡಿಸಿ ಇಳಿಸುತ್ತಾರೆ. ಬ್ರೂವರಿಯ ಎಂಜಿನಿಯರ್ ಕಣಗಳು ಒಟ್ಟುಗೂಡದಂತೆ ಕಾಯುತ್ತಾರೆ. ಸಮೀಕರಣ ಒಂದೇ, ಗುರಿ ಮಾತ್ರ ತಿರುಗುಮುರುಗು.

ಬೀರ್ ಎಂದರೆ ಮೂಗು ಮುರಿಯುವವರಿಗೂ ಈ ವಿದ್ಯೆ ಬೇಕಾಗುತ್ತದೆ. ಕಿತ್ತಳೆ ರಸ ತಿಳಿಯಾಗದಂತೆ ನೋಡಿಕೊಳ್ಳಲು ಅದರ ಪೆಕ್ಟಿನ್ ಒಡೆಯುವ ಕಿಣ್ವವನ್ನು ಬಿಸಿ ಮಾಡಿ ನಿಷ್ಕ್ರಿಯಗೊಳಿಸುತ್ತಾರೆ. 'ಬಳಸುವ ಮೊದಲು ಚೆನ್ನಾಗಿ ಅಲುಗಾಡಿಸಿ' ಎಂದು ಔಷಧ ಬಾಟಲಿಯ ಮೇಲೆ ಬರೆಯುವುದೂ ಸ್ಟೋಕ್ಸ್ ನಿಯಮದ ಕಾರಣಕ್ಕೇ. ಬಣ್ಣದ ಡಬ್ಬಿ, ಸುವಾಸಿತ ಹಾಲು, ಕೀಟನಾಶಕ ಎಲ್ಲದರಲ್ಲೂ ಇದೇ ಪ್ರಶ್ನೆ ಇದೆ. ಮೈಸೂರಿನ ಸಿಎಫ್‌ಟಿಆರ್‌ಐನಂಥ ಆಹಾರ ಸಂಶೋಧನಾ ಸಂಸ್ಥೆ ನಮ್ಮ ರಾಜ್ಯದಲ್ಲೇ ಇದೆ.

ಕೆಮಿಕಲ್, ಬಯೋಟೆಕ್ ಓದುವ ನಮ್ಮಲ್ಲಿ ಅನೇಕರು ಮೂರನೇ ವರ್ಷಕ್ಕೆ ಬರುವಷ್ಟರಲ್ಲಿ ಕೋಡಿಂಗ್ ಬಿಟ್ಟರೆ ಬೇರೆ ದಾರಿಯಿಲ್ಲ ಎಂದು ನಂಬಿಬಿಡುತ್ತೇವೆ. ಕೊಲಾಯ್ಡ್ ಪಾಠ ಐದು ಅಂಕದ ಪ್ರಶ್ನೆಯಾಗಿ ಮುಗಿದುಹೋಗುತ್ತದೆ. ಸಂದರ್ಶನದಲ್ಲಿ ಸ್ಟೋಕ್ಸ್ ನಿಯಮ ಹೇಳಿ ಎಂದರೆ ಎಲ್ಲರೂ ಒಪ್ಪಿಸುತ್ತಾರೆ. 'ಈ ಜ್ಯೂಸ್ ಬಾಟಲಿಯಲ್ಲಿ ಗಸಿ ಏಕೆ ಕೂತಿದೆ, ನೀನಾದರೆ ಏನು ಮಾಡುತ್ತೀಯ?' ಎಂದರೆ ಕೋಣೆ ಮೌನವಾಗುತ್ತದೆ. ಎರಡನೇ ಪ್ರಶ್ನೆಗೆ ಉತ್ತರಿಸಲು ದುಬಾರಿ ಕೋರ್ಸ್ ಬೇಕಿಲ್ಲ. ಅಡುಗೆಮನೆಯ ಮಜ್ಜಿಗೆ, ಹುಣಸೆ ರಸ, ಕಾಫಿ ಡಿಕಾಕ್ಷನ್ ಮೂರನ್ನೂ ಮೂರು ಗಾಜಿನ ಲೋಟದಲ್ಲಿಟ್ಟು, ಹಿಂದಿನಿಂದ ಮೊಬೈಲ್ ಟಾರ್ಚ್ ಹಿಡಿದು, ಗಂಟೆಗೊಮ್ಮೆ ಸ್ಕೇಲ್‌ನಲ್ಲಿ ಅಳೆದು ಬರೆದಿಡಿ. ಯಾವುದು ಮೊದಲು ತಿಳಿಯಾಯಿತು, ಏಕೆ ಎಂದು ನಾಲ್ಕು ಸಾಲು ಬರೆಯಲು ಬಂದರೆ, ಆ ಪಾಠ ನಿಮ್ಮದಾಯಿತು.