ಲಡಾಖಿನ ಗೊಂಪಾಗಳ ನಡುವೆ ಹತ್ತು ದಿನ

"ಅಡಿಕೆಗೆ ಮೊದಲ ಮದ್ದು ಬಿಟ್ಟಾಯಿತು ಭಾವ, ಇನ್ನು ನಲವತ್ತು ದಿನ ತೋಟ ನನ್ನನ್ನು ಕರೆಯುವುದಿಲ್ಲ. ಹೊರಡುವುದಾದರೆ ಈಗಲೇ ಹೊರಡಬೇಕು" ಎಂದು ನನ್ನ ತಂಗಿಯ ಗಂಡ ಹೇಳಿದ್ದು 2023ರ ಜೂನ್ ತಿಂಗಳ ಮೊದಲ ವಾರ. ಅವರಿಗೆ ಅರುವತ್ತೆರಡು, ನನಗೆ ಅರುವತ್ತೈದು. ನಮ್ಮಿಬ್ಬರ ಮನೆಯವರೂ ಸೇರಿ ನಾಲ್ವರು ಒಂದು ಪ್ರವಾಸ ತಂಡವನ್ನು ಸೇರಿಕೊಂಡೆವು. ಹೋಗಬೇಕಾದದ್ದು ಲಡಾಖಿಗೆ.

ಮಂಗಳೂರಿನಿಂದ ದೆಹಲಿಗೆ ಹೋಗಿ ಅಲ್ಲಿ ರಾತ್ರಿ ಕಳೆದು, ಬೆಳಗಿನ ವಿಮಾನದಲ್ಲಿ ಲೇಹ್ ಪಟ್ಟಣಕ್ಕೆ ಇಳಿದೆವು. ಬಾವಿಗೆ ಕೈಹಾಕಿದರೆ ನೀರು ಸಿಗುವ ಮಳೆಗಾಲದ ಊರಿನಿಂದ ಹೋದ ನಮಗೆ ಮೊದಲು ಕಂಡದ್ದು ಮರವೇ ಇಲ್ಲದ ಗುಡ್ಡಗಳು. ಕಂದು, ಬೂದಿ, ನಸುಗೆಂಪು, ಒಂದೆಡೆ ನೇರಳೆ ಬಣ್ಣ ಕೂಡ. ಹುಲ್ಲಿನ ಎಸಳಿಲ್ಲ. ವರ್ಷವಿಡೀ ಇಲ್ಲಿ ಬೀಳುವ ಮಳೆ, ಹಿಮ ಎಲ್ಲ ಕೂಡಿಸಿದರೂ ಸುಮಾರು ಹತ್ತು ಸೆಂಟಿಮೀಟರ್. ನಮ್ಮಲ್ಲಿ ಆಟಿ ತಿಂಗಳಲ್ಲಿ ಒಂದೇ ದಿನಕ್ಕೆ ಅಷ್ಟು ಸುರಿದದ್ದುಂಟು.

ಲೇಹ್ ಸಮುದ್ರಮಟ್ಟದಿಂದ 11,500 ಅಡಿ ಎತ್ತರದಲ್ಲಿದೆ. ಅಲ್ಲಿ ಒಂದು ಉಸಿರಿಗೆ ಸಿಗುವ ಪ್ರಾಣವಾಯು ನಮ್ಮ ಕರಾವಳಿಯಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲು ಮಾತ್ರ. ಆದ್ದರಿಂದ ವಿಮಾನದಲ್ಲಿ ಬಂದವರು ಎರಡು ದಿನ ಸುಮ್ಮನೆ ಬಿದ್ದುಕೊಂಡಿರಬೇಕು, ನೀರು ಕುಡಿಯಬೇಕು, ಮೆಟ್ಟಿಲು ಹತ್ತಬಾರದು. ನಾವು ಇಳಿದುಕೊಂಡ ಮನೆಯ ಯಜಮಾನರು, ಅವರೂ ನನ್ನಂತೆ ನಿವೃತ್ತ ಮಾಸ್ತರರು, ಇದನ್ನು ಹಿಂದಿಯಲ್ಲಿ ಎರಡೆರಡು ಸಲ ಹೇಳಿದರು. ಪ್ರವಾಸ ಏರ್ಪಡಿಸಿದವರ ಕಾಗದದಲ್ಲಿ ಮಾತ್ರ ಎರಡನೆಯ ದಿನವೇ ಖರ್ದುಂಗ್ ಲಾ ಎಂದು ಬರೆದಿತ್ತು. ಲಾ ಎಂದರೆ ಕಣಿವೆಮಾರ್ಗ, ಘಾಟಿ. ಕಾರ್ಯಕ್ರಮ ಬದಲಿಸಲು ಬರುವುದಿಲ್ಲ, ಮುಂದಿನ ಊರಲ್ಲಿ ಕೋಣೆಗಳಿಗೆ ಹಣ ಕಟ್ಟಿಯಾಗಿದೆ ಎಂದರು. ನಾವೂ ದಾಕ್ಷಿಣ್ಯಕ್ಕೆ ಒಪ್ಪಿಕೊಂಡೆವು. ತಪ್ಪು ನಮ್ಮದೂ ಹೌದು.

ಲೇಹ್‌ನಿಂದ ಸುಮಾರು ನಲವತ್ತು ಕಿಲೋಮೀಟರ್. ಆ ಘಾಟಿಯ ತುದಿಯಲ್ಲಿ 18,380 ಅಡಿ ಎಂದು ಹೆಮ್ಮೆಯ ಫಲಕವೊಂದು ಬಹುಕಾಲ ಇತ್ತು. ಅಳೆದು ನೋಡಿದವರ ಪ್ರಕಾರ ನಿಜವಾದ ಎತ್ತರ 17,582 ಅಡಿ. ಎಂಟುನೂರು ಅಡಿ ಕಡಿಮೆಯಾದರೇನು, ಭಾವನವರಿಗೆ ಅದೇ ಸಾಕಾಯಿತು. ಗಾಡಿಯಿಂದ ಇಳಿದು ನಾಲ್ಕು ಹೆಜ್ಜೆ ಇಟ್ಟವರು ಕುಡಿದವರಂತೆ ತೂರಾಡಿದರು. ವಾಂತಿಯಾಯಿತು. ನಾನು ಕೇಳಿದ್ದಕ್ಕೆ ಏನೋ ಉತ್ತರ ಕೊಟ್ಟರು, ಮಾತು ತೊದಲುತ್ತಿತ್ತು. ತಂಗಿ ಅಳುವುದಕ್ಕೂ ಉಸಿರು ಸಾಲದೆ ಅವರ ಕೈ ಹಿಡಿದು ಕೂತಿದ್ದಳು. ನಮ್ಮ ಗಾಡಿಯ ಚಾಲಕ, ಇಪ್ಪತ್ತೈದು ದಾಟದ ಲಡಾಖಿ ಹುಡುಗ, ಯಾರ ಅಪ್ಪಣೆಗೂ ಕಾಯದೆ ಗಾಡಿ ತಿರುಗಿಸಿಬಿಟ್ಟ. ಎತ್ತರದ ಕಾಯಿಲೆಗೆ ಮೊದಲ ಮದ್ದು ಕೆಳಗಿಳಿಯುವುದು ಎಂಬುದು ಅವನಿಗೆ ತಿಳಿದಿತ್ತು. ಲೇಹ್‌ನ ಆಸ್ಪತ್ರೆಯಲ್ಲಿ ಬೆರಳಿಗೆ ಸಿಕ್ಕಿಸಿದ ಯಂತ್ರ 66 ತೋರಿಸಿತು. ಊರಿನಲ್ಲಿ ಅದು 95ರ ಮೇಲಿರಬೇಕು. ರಾತ್ರಿಯಿಡೀ ಮೂಗಿಗೆ ಆಮ್ಲಜನಕದ ಕೊಳವೆ. ಬೆಳಿಗ್ಗೆ ಐದು ಗಂಟೆಗೆ ಅವರು ಕಣ್ಣು ತೆರೆದು, "ಒಂದು ಕಾಫಿ ಸಿಕ್ಕೀತಾ?" ಎಂದು ಕೇಳಿದಾಗಲೇ ನನ್ನ ಜೀವ ಬಂದದ್ದು.

ತಂಡ ನುಬ್ರಾ ಕಣಿವೆಗೂ ಪಾಂಗೋಂಗ್ ಸರೋವರಕ್ಕೂ ಹೊರಟುಹೋಯಿತು. ನಾವು ನಾಲ್ವರು ಲೇಹ್‌ನಲ್ಲೇ ಉಳಿದೆವು. ಎರಡು ಡುಬ್ಬದ ಒಂಟೆಗಳನ್ನಾಗಲಿ ನೀಲಿ ಸರೋವರವನ್ನಾಗಲಿ ನಾವು ನೋಡಲಿಲ್ಲ. ಅದರ ಬದಲು, ಸಿಂಧೂ ನದಿಯ ದಡದುದ್ದಕ್ಕೂ ಇರುವ ಬೌದ್ಧ ವಿಹಾರಗಳನ್ನು ನಿಧಾನವಾಗಿ ನೋಡುವ ಅವಕಾಶ ಸಿಕ್ಕಿತು. ಅವುಗಳಿಗೆ ಅಲ್ಲಿ ಗೊಂಪಾ ಎನ್ನುತ್ತಾರೆ.

ಲೇಹ್‌ನಿಂದ ಸ್ವಲ್ಪ ದೂರದಲ್ಲಿ ಠಿಕ್ಸೆ ಗೊಂಪಾ. ಒಂದು ಗುಡ್ಡವನ್ನು ಬುಡದಿಂದ ತುದಿಯವರೆಗೆ ಬಿಳಿ ಕಟ್ಟಡಗಳು ಹನ್ನೆರಡು ಅಂತಸ್ತಾಗಿ ಹತ್ತಿಕೊಂಡಿವೆ. ಲಾಸಾದ ಪೊಟಾಲಾ ಅರಮನೆಯನ್ನು ಚಿತ್ರದಲ್ಲಿ ನೋಡಿದವರಿಗೆ ಅದರ ತಮ್ಮನೆಂದು ತೋರೀತು. 1970ರಲ್ಲಿ ದಲಾಯಿ ಲಾಮಾ ಅವರು ಬಂದ ನೆನಪಿಗೆ ಕಟ್ಟಿದ ಮಂದಿರದಲ್ಲಿ 49 ಅಡಿ ಎತ್ತರದ ಮೈತ್ರೇಯ ಕುಳಿತಿದ್ದಾನೆ. ಮೈತ್ರೇಯನೆಂದರೆ ಮುಂದೆ ಬರಲಿರುವ ಬುದ್ಧ. ವಿಗ್ರಹ ಎರಡು ಅಂತಸ್ತು ತುಂಬಿರುವುದರಿಂದ, ಬಾಗಿಲಲ್ಲಿ ನಿಂತವರಿಗೆ ನೇರವಾಗಿ ಮುಖವೇ ಎದುರಾಗುತ್ತದೆ. ಪಾದ ನೋಡಬೇಕಾದರೆ ಬಗ್ಗಿ ಕೆಳಗೆ ಇಣುಕಬೇಕು. ನಮ್ಮ ದೇವಸ್ಥಾನಗಳಲ್ಲಿ ಪಾದದಿಂದ ಮುಖಕ್ಕೆ ಕಣ್ಣು ಏರಿಸುವ ಅಭ್ಯಾಸದವರಿಗೆ ಇದು ವಿಚಿತ್ರವೆನಿಸಿತು.

ಅಲ್ಲಿ ಮೆಟ್ಟಿಲಲ್ಲಿ ಕೂತು ನಾವು ನಾಲ್ವರು ಏದುಸಿರು ಬಿಡುತ್ತ ಮಾತಾಡುತ್ತಿದ್ದಾಗ ಹಿಂದಿನಿಂದ ಒಂದು ದನಿ: "ಏನ್ರಿ, ಕನ್ನಡದವ್ರೇನ್ರಿ?"

ತಿರುಗಿ ನೋಡಿದರೆ ಕೆಂಪು ವಸ್ತ್ರದ ಒಬ್ಬ ಯುವ ಭಿಕ್ಷು. ಮುಖ ಶುದ್ಧ ಲಡಾಖಿ, ಮಾತು ಶುದ್ಧ ಮುಂಡಗೋಡು. "ಊಟ ಆತೇನ್ರಿ? ಯಾವೂರ್ರಿ ನಿಮ್ದು?" ಎಂದು ಅವರು ಕೇಳಿದಾಗ ನನ್ನ ಹೆಂಡತಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು, ಕಣ್ಣಲ್ಲಿ ನೀರೂ ಇತ್ತು.

ಇದರ ಹಿಂದೆ ಒಂದು ಚರಿತ್ರೆಯಿದೆ. ಠಿಕ್ಸೆ, ಸ್ಪಿತುಕ್, ಲಿಕಿರ್ ಮೊದಲಾದವು ಹಳದಿ ಟೋಪಿಯ ಗೆಲುಗ್ ಪಂಥದ ಗೊಂಪಾಗಳು. ಈ ಪಂಥದ ಲಡಾಖಿ ಭಿಕ್ಷುಗಳು ಉನ್ನತ ವ್ಯಾಸಂಗಕ್ಕೆ ಹಿಂದೆ ತಿಂಗಳುಗಟ್ಟಲೆ ನಡೆದು ಟಿಬೆಟಿನ ಡ್ರೆಪುಂಗ್, ಸೆರಾ, ಗಂದೆನ್ ಮಹಾವಿಹಾರಗಳಿಗೆ ಹೋಗುತ್ತಿದ್ದರು. 1959ರ ಬಳಿಕ ಆ ದಾರಿ ಮುಚ್ಚಿತು. ನಿರಾಶ್ರಿತರಾಗಿ ಬಂದ ಟಿಬೆಟಿಯನರು ಆ ವಿಹಾರಗಳನ್ನು ಕರ್ನಾಟಕದಲ್ಲಿ ಮತ್ತೆ ಕಟ್ಟಿದರು: ಡ್ರೆಪುಂಗ್ ಮತ್ತು ಗಂದೆನ್ ಮುಂಡಗೋಡಿನಲ್ಲಿ, ಸೆರಾ ಬೈಲಕುಪ್ಪೆಯಲ್ಲಿ. ಹೀಗಾಗಿ ಲಡಾಖಿನ ಬಾಲಭಿಕ್ಷುಗಳು ಈಗ ತರ್ಕ, ದರ್ಶನ ಕಲಿಯಲು ರೈಲು ಹತ್ತಿ ನಮ್ಮ ಸೀಮೆಗೆ ಬರುತ್ತಾರೆ. ಗೆಶೆ ಎಂಬ ಪದವಿ ಮುಗಿಸಲು ಹದಿನೈದು, ಇಪ್ಪತ್ತು ವರ್ಷ ಬೇಕು. ಅಷ್ಟರಲ್ಲಿ ಪೇಟೆಯ ಕನ್ನಡ ತಾನಾಗಿ ಬಂದಿರುತ್ತದೆ. ನಾವು ಭೇಟಿಯಾದವರು ಹನ್ನೆರಡನೆಯ ವಯಸ್ಸಿನಲ್ಲಿ ಹೋದವರು. ಅಲ್ಲಿನ ಸೆಕೆಯಲ್ಲಿ ಮೊದಲ ವರ್ಷ ಮೈಯೆಲ್ಲ ಬೊಕ್ಕೆ ಎದ್ದಿತ್ತಂತೆ. "ಜ್ವಾಳದ ರೊಟ್ಟಿ ಭಾಳ ನೆನಪಾಗ್ತತ್ರಿ" ಎಂದರು.

ನಮ್ಮೂರು ಕಾಸರಗೋಡು ಎಂದು ನಾನು ಹೇಳಿದಾಗ ಅವರು ಸ್ವಲ್ಪ ಯೋಚಿಸಿ, "ಅದು ಕೇರಳ ಅಲ್ಲೇನ್ರಿ? ಮತ್ತ ಕನ್ನಡ ಹೆಂಗ?" ಎಂದರು. ಈ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೇಳಿದ್ದೇನೆ, ಮೈಸೂರಿನಲ್ಲಿ ಕೇಳಿದ್ದೇನೆ. ಹನ್ನೊಂದು ಸಾವಿರ ಅಡಿಯ ಮೇಲೆ ಅದು ಕಾದು ಕುಳಿತಿದೆಯೆಂದು ಎಣಿಸಿರಲಿಲ್ಲ. 1956ರ ಕತೆಯನ್ನು ಅಲ್ಲೇ ಮೆಟ್ಟಿಲಲ್ಲಿ ಕೂತು ಚಿಕ್ಕದಾಗಿ ಹೇಳಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು ನಮಗೆ ಬೆಣ್ಣೆ ಚಹಾ ತರಿಸಿದರು. ಉಪ್ಪು, ಬೆಣ್ಣೆ ಹಾಕಿ ಕಡೆದ ಆ ಪಾನೀಯವನ್ನು ಚಹಾ ಎಂದುಕೊಂಡು ಕುಡಿದರೆ ಇಳಿಯುವುದಿಲ್ಲ, ಸಾರು ಎಂದುಕೊಂಡರೆ ಇಳಿಯುತ್ತದೆ. ಆ ಚಳಿಗೆ ಒಳ್ಳೆಯದು.

ಆಲ್ಚಿಯ ವಿಷಯ ತುಸು ವಿಸ್ತಾರವಾಗಿ ಹೇಳಲೇಬೇಕು. ಲೇಹ್‌ನಿಂದ ಪಶ್ಚಿಮಕ್ಕೆ ಹೋದರೆ ನಿಮ್ಮು ಎಂಬಲ್ಲಿ ಝನ್ಸ್ಕಾರ್ ನದಿ ಬಂದು ಸಿಂಧುವನ್ನು ಸೇರುತ್ತದೆ. ಎರಡು ನೀರಿನ ಎರಡು ಬಣ್ಣ ಸ್ವಲ್ಪ ದೂರ ಪಕ್ಕಪಕ್ಕ ಹರಿಯುತ್ತವೆ. ಅಲ್ಲಿಂದ ಮುಂದೆ ಆಲ್ಚಿ. ಬೇರೆ ಗೊಂಪಾಗಳಂತೆ ಗುಡ್ಡದ ನೆತ್ತಿಯಲ್ಲಲ್ಲ, ಸಮತಟ್ಟಾದ ನದೀದಡದಲ್ಲಿ, ಜರ್ದಾಳು ಮರಗಳ ಮರೆಯಲ್ಲಿದೆ. ಹೊರಗಿನಿಂದ ನೋಡಿದರೆ ಮಣ್ಣಿನ ಹಳೆಯ ಮನೆ. ಒಳಗೆ ಕಾಲಿಟ್ಟರೆ ಸುಮಾರು ಎಂಟು, ಒಂಬತ್ತು ನೂರು ವರ್ಷಗಳ ಹಿಂದಿನ ವರ್ಣಚಿತ್ರಗಳು. ಮಹಾ ಭಾಷಾಂತರಕಾರನೆಂದು ಹೆಸರಾದ ರಿಂಚೆನ್ ಝಂಗ್ಪೋ ಇದನ್ನು ಕಟ್ಟಿಸಿದನೆಂದು ಜನ ಹೇಳುತ್ತಾರೆ. ಅವನ ಕಾಲ 958ರಿಂದ 1055. ಚಿತ್ರಗಳು ಅವನಿಗಿಂತ ಈಚಿನವೆಂಬುದೇ ವಿದ್ವಾಂಸರಲ್ಲಿ ಹೆಚ್ಚಿನವರ ಮತ. ಬರೆದ ಕೈಗಳು ಕಾಶ್ಮೀರದವು.

ಸುಮ್‌ತ್ಸೆಕ್ ಎಂಬ ಮೂರಂತಸ್ತಿನ ಗುಡಿಯಲ್ಲಿ ಮೂರು ಗೂಡುಗಳಲ್ಲಿ ಮೂರು ಬೃಹತ್ ಮೂರ್ತಿಗಳು ನಿಂತಿವೆ. ಅವುಗಳ ಪಂಚೆಯ ಮೇಲೆಲ್ಲ ಬೆರಳಗಲದ ಚಿತ್ರಗಳು. ಮೈತ್ರೇಯನ ಪಂಚೆಯಲ್ಲಿ ಬುದ್ಧನ ಜೀವನ, ಮಂಜುಶ್ರೀಯ ಪಂಚೆಯಲ್ಲಿ ಎಂಬತ್ತನಾಲ್ಕು ಸಿದ್ಧರು, ಅವಲೋಕಿತೇಶ್ವರನ ಪಂಚೆಯಲ್ಲಿ ಅರಮನೆಗಳು, ಗುಡಿಗಳು. ಕಾಶ್ಮೀರದಲ್ಲಿ ಆ ಕಾಲದ ಬೌದ್ಧ ಚಿತ್ರಕಲೆ ಉಳಿದಿಲ್ಲ. ಅಲ್ಲಿನ ಕುಂಚ ಹೇಗಿತ್ತೆಂದು ತಿಳಿಯಬೇಕಾದರೆ ಈ ಪಂಚೆಗಳನ್ನೇ ನೋಡಬೇಕು. ಒಳಗೆ ಫೋಟೋ ತೆಗೆಯುವಂತಿಲ್ಲ, ಅದೇ ಸರಿ. ಭಾವನವರು ಕೈದೀಪದ ಬೆಳಕಿನಲ್ಲಿ ಅರ್ಧ ಗಂಟೆ ಒಬ್ಬ ಸಿದ್ಧನ ಮುಂದೆಯೇ ನಿಂತಿದ್ದರು. ಮೂರು ದಿನದ ಹಿಂದೆ ಅವರ ಕೈ ಹಿಡಿದು ನಡೆಸಿದ್ದು ನನಗೆ ನೆನಪಾಯಿತು.

ಲಾಮಾಯೂರು ಇನ್ನೂ ಮುಂದೆ. ಒಂದು ಕಾಲದಲ್ಲಿ ಸರೋವರವಾಗಿತ್ತೆಂದು ಹೇಳುವ ಹಳದಿ ಜೇಡಿಯ ನೆಲ, ಮೇಣ ಕರಗಿ ಹೆಪ್ಪುಗಟ್ಟಿದಂತೆ. ಚಂದ್ರಲೋಕವೆಂದು ಪ್ರವಾಸಿಗಳು ಕರೆಯುತ್ತಾರೆ. ಹೆಮಿಸ್ ಗೊಂಪಾಕ್ಕೂ ಹೋದೆವು, ಮುಖವಾಡದ ನೃತ್ಯದ ಜಾತ್ರೆಗೆ ಇನ್ನೂ ದಿನಗಳಿದ್ದವು. ಅಲ್ಲಿನ ದೊಡ್ಡ ಪಟಚಿತ್ರವನ್ನು ಹನ್ನೆರಡು ವರ್ಷಕ್ಕೊಮ್ಮೆ ಬಿಡಿಸುತ್ತಾರೆ. ಕಳೆದ ಸಲ 2016ರಲ್ಲಿ ಬಿಡಿಸಿದ್ದರು.

ಸಂಜೆಗಳು ಮಾಸ್ತರರ ಅಡಿಗೆಮನೆಯಲ್ಲಿ ಕಳೆದವು. ಒಲೆಯ ಸುತ್ತ ಕೂತು ಮಾತು ನೀರಿನ ಕಡೆಗೆ ಹೋಯಿತು. ಅಲ್ಲಿ ಹಿಮ ಕರಗಿದ ನೀರನ್ನು ಕಾಲುವೆಗಳಲ್ಲಿ ತಂದು ಬಾರ್ಲಿ ಗದ್ದೆಗೆ ಬಿಡುತ್ತಾರೆ. ಯಾರ ಗದ್ದೆಗೆ ಯಾವಾಗ ಎಂದು ನಿರ್ಣಯಿಸಲು ಊರೇ ಆರಿಸಿದ ಚುರ್ಪೋನ್ ಎಂಬ ನೀರಿನ ಯಜಮಾನನಿದ್ದಾನೆ. ನಮ್ಮ ತೋಡಿಗೆ ಕಟ್ಟ ಕಟ್ಟಿ ಸರದಿಯಂತೆ ತೋಟಕ್ಕೆ ನೀರು ಬಿಡುತ್ತಿದ್ದುದನ್ನು ಭಾವನವರು ಹೇಳಿದಾಗ, ಮಾಸ್ತರರು ಮೊದಲು ಕೇಳಿದ್ದು "ಜಗಳ ಆಗುತ್ತಿತ್ತೇ?" ಎಂದು. ಭಾವ ಹೇಳಿದರು, "ಜಗಳವಿಲ್ಲದೆ ನೀರುಂಟೇ!"

ತೊಂದರೆಯೇನೆಂದರೆ, ಬಿತ್ತನೆ ಏಪ್ರಿಲ್, ಮೇ ತಿಂಗಳಲ್ಲಿ. ಎತ್ತರದ ಹಿಮನದಿ ಕರಗುವುದು ಜೂನ್‌ನಲ್ಲಿ. ಚೆವಾಂಗ್ ನೊರ್ಫೆಲ್ ಎಂಬ ಎಂಜಿನಿಯರರು 1980ರ ದಶಕದಿಂದ, ಚಳಿಗಾಲದಲ್ಲಿ ವ್ಯರ್ಥ ಹರಿಯುವ ನೀರನ್ನು ಹಳ್ಳಿಯ ಹತ್ತಿರದ ನೆರಳಿನ ಕಣಿವೆಗಳಲ್ಲಿ ತಡೆದು ಹೆಪ್ಪುಗಟ್ಟಿಸುವ ಉಪಾಯ ಮಾಡಿದರು. ತಗ್ಗಿನಲ್ಲಿರುವ ಈ ಮಂಜು ಬೇಗ ಕರಗಿ ಬಿತ್ತನೆಗೆ ಒದಗುತ್ತದೆ. 2015ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹಿಮ ಕಡಿಮೆಯಾಗುತ್ತಿದೆ, ಹೋಟೆಲುಗಳ ಕೊಳವೆಬಾವಿ ಹೆಚ್ಚುತ್ತಿದೆ ಎಂಬುದು ಮಾಸ್ತರರ ಚಿಂತೆ. ನಾವೂ ಆ ಹೋಟೆಲಿನ ಪೈಕಿಯವರೇ ಅಲ್ಲವೇ ಎಂದು ನಾನು ಸುಮ್ಮನಾದೆ.

ಇನ್ನೊಂದು ಮಾತು ಭಾಷೆಯದು. ಅವರ ಮನೆಮಾತು ಲಡಾಖಿ. ಅವರು ಕಲಿತದ್ದು, ಮುಂದೆ ಕಲಿಸಿದ್ದು ಎಂಟನೆಯ ತರಗತಿವರೆಗೆ ಉರ್ದುವಿನಲ್ಲಿ. ಒಂಬತ್ತರಿಂದ ಒಮ್ಮೆಲೇ ಇಂಗ್ಲಿಷ್. ಮೆಟ್ರಿಕ್ ಪರೀಕ್ಷೆಯಲ್ಲಿ ನೂರಕ್ಕೆ ತೊಂಬತ್ತೈದು ಮಕ್ಕಳು ನಪಾಸಾಗುತ್ತಿದ್ದ ಕಾಲವಿತ್ತು. "ಮಕ್ಕಳು ದಡ್ಡರೆಂದು ನಾನೇ ಬೈಯುತ್ತಿದ್ದೆ" ಎಂದು ಅವರು ತಲೆ ತಗ್ಗಿಸಿದರು. 1904ರಲ್ಲಿ ಫ್ರಾಂಕೆ ಎಂಬ ಜರ್ಮನ್ ಪಾದ್ರಿ ಲೇಹ್‌ನಲ್ಲಿ ಲಡಾಖಿ ಪತ್ರಿಕೆ ಹೊರಡಿಸಿದ್ದರೆಂದು ಅವರು ಹೇಳಿದಾಗ, ಕನ್ನಡದ ಮೊದಲ ಪತ್ರಿಕೆಯೂ 1843ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಕೈಯಿಂದಲೇ ಮಂಗಳೂರಿನಲ್ಲಿ ಬಂದದ್ದನ್ನು ನಾನು ಹೇಳಿದೆ. ಅವರಲ್ಲಿ ಇನ್ನೊಂದು ತೊಡಕೂ ಇದೆ. ಆಡುವಂತೆ ಬರೆಯೋಣವೆಂದು ಕೆಲವರು, ಧರ್ಮಗ್ರಂಥದ ಕಾಗುಣಿತ ಬಿಡಕೂಡದೆಂದು ಕೆಲವರು. ಬರೆದ ಅಕ್ಷರಗಳಲ್ಲಿ ಎಷ್ಟೋ ಉಚ್ಚಾರಕ್ಕೇ ಬರುವುದಿಲ್ಲ, ಮಕ್ಕಳು ಹೆದರುತ್ತಾರೆ.

2025ರ ಜೂನ್‌ನಲ್ಲಿ ಇಂಗ್ಲಿಷ್, ಹಿಂದಿ, ಉರ್ದು ಜೊತೆಗೆ ಭೋಟಿ, ಪುರ್ಗಿಗಳನ್ನೂ ಲಡಾಖಿನ ಅಧಿಕೃತ ಭಾಷೆಗಳೆಂದು ಕೇಂದ್ರ ಸರಕಾರ ಘೋಷಿಸಿದ ಸುದ್ದಿ ಓದಿ ಅವರಿಗೆ ಫೋನ್ ಮಾಡಿದೆ. ಸಂತೋಷಪಟ್ಟರು, ನಕ್ಕರು. "ಆಜ್ಞೆ ಬಂತು. ಕಚೇರಿಯಲ್ಲಿ ಭೋಟಿ ಬರೆಯಲು ಬಲ್ಲ ಗುಮಾಸ್ತ ಬರಬೇಕಷ್ಟೆ. ನಿಮ್ಮಲ್ಲಿ ಅರ್ಜಿ ನಮೂನೆ ಕನ್ನಡದಲ್ಲಿ ಸಿಗುತ್ತದೆಯೇ?" ಎಂದರು. ಕೆಲವು ಸಿಗುತ್ತವೆ, ಕೆಲವನ್ನು ಕೇಳಿ ತರಿಸಿಕೊಳ್ಳಬೇಕು ಎಂದೆ.

ಅದೇ ವರ್ಷ ಸೆಪ್ಟೆಂಬರ್ 24ರಂದು, ರಾಜ್ಯದ ಸ್ಥಾನಮಾನ ಮತ್ತು ಆರನೆಯ ಅನುಸೂಚಿಯ ರಕ್ಷಣೆ ಬೇಕೆಂಬ ಚಳವಳಿ ಲೇಹ್‌ನಲ್ಲಿ ಹಿಂಸೆಗೆ ತಿರುಗಿ ನಾಲ್ವರು ಸತ್ತರು. ಮತ್ತೆ ಫೋನ್ ಮಾಡಿದೆ. ಮನೆಯವರೆಲ್ಲ ಕ್ಷೇಮ ಎಂದರು, ಹೆಚ್ಚು ಮಾತಾಡಲಿಲ್ಲ. ಬಾರ್ಲಿ ಕೊಯ್ಲು ಮುಗಿದಿದೆ ಎಂದರು. ಆಮೇಲೆ ಭಾವನವರ ಉಸಿರು ಹೇಗಿದೆ ಎಂದು ಕೇಳಿದರು.