ಅಲ್ಪ ವೆಚ್ಚದಲ್ಲಿ ಹಿತವಾದ ನಾದ

ಗ್ರಾಮೊಫೋನು ರೆಕಾರ್ಡುಗಳ ಕಾಲ ಮುಗಿದೇಹೋಯಿತೆಂದು ಒಮ್ಮೆ ಎಲ್ಲರೂ ಭಾವಿಸಿದ್ದರು. ಆದರೆ ಅಟ್ಟದ ಮೇಲಿನ ಪೆಟ್ಟಿಗೆಯನ್ನು ಕೆಳಗಿಳಿಸಿ, ಹಿರಿಯರು ಕೂಡಿಟ್ಟ ತಟ್ಟೆಗಳ ಧೂಳು ಒರೆಸಿ, ಮತ್ತೆ ಕೇಳಬೇಕೆಂಬ ಆಸೆ ಈಚೆಗೆ ಅನೇಕ ಮನೆಗಳಲ್ಲಿ ಹುಟ್ಟಿದೆ. ಇದಕ್ಕೆ ಹೊಸ ಯಂತ್ರಗಳನ್ನೇ ಕೊಳ್ಳಬೇಕೆಂದೇನೂ ಇಲ್ಲ. 1960ರಿಂದ 1980ರವರೆಗೆ ತಯಾರಾದ ಅನೇಕ ಹಳೆಯ ಯಂತ್ರಗಳು ತಕ್ಕಮಟ್ಟಿನ ರಿಪೇರಿಯಿಂದ ಇಂದಿಗೂ ಸೊಗಸಾಗಿ ಹಾಡುತ್ತವೆ. ಆದರೆ ತಿಳಿಯದೆ ಕೊಂಡರೆ ಹಣ ಹೋಗುತ್ತದೆ, ಮತ್ತೆ ಸಿಕ್ಕದ ರೆಕಾರ್ಡುಗಳು ಸವೆಯುತ್ತವೆ, ಕೆಲವು ಸಂದರ್ಭಗಳಲ್ಲಿ ಪ್ರಾಣಕ್ಕೇ ಅಪಾಯವಾಗುತ್ತದೆ. ಆದ್ದರಿಂದ ಪ್ರೀಆಂಪ್ಲಿಫೈಯರು ಮತ್ತು ಲೌಡ್‌ಸ್ಪೀಕರು, ಈ ಎರಡನ್ನು ಆರಿಸುವ ಬಗೆಯನ್ನು ಸ್ವಲ್ಪ ವಿಚಾರ ಮಾಡೋಣ.

ರೆಕಾರ್ಡಿನ ಗೀರಿನಲ್ಲಿ ಓಡುವ ಮುಳ್ಳು ಅಲುಗುತ್ತದೆ. ಮುಳ್ಳನ್ನು ಹಿಡಿದಿರುವ ಕಾರ್ಟ್ರಿಜ್ ಆ ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತದೆ. ಪ್ರೀಆಂಪ್ಲಿಫೈಯರು ಆ ಕ್ಷೀಣವಾದ ವಿದ್ಯುತ್ತನ್ನು ಹದಗೊಳಿಸಿ ಹೆಚ್ಚಿಸುತ್ತದೆ. ಪವರ್ ಆಂಪ್ಲಿಫೈಯರು ಅದಕ್ಕೆ ಸ್ಪೀಕರನ್ನು ಅಲುಗಿಸುವಷ್ಟು ಬಲ ಕೊಡುತ್ತದೆ. ಸ್ಪೀಕರು ಅದನ್ನು ಮತ್ತೆ ಗಾಳಿಯ ಅಲೆಯಾಗಿಸಿ ನಮ್ಮ ಕಿವಿಗೆ ಮುಟ್ಟಿಸುತ್ತದೆ. ಈ ಸರಪಣಿಯಲ್ಲಿ ಒಂದು ಕೊಂಡಿ ಇನ್ನೊಂದಕ್ಕೆ ಹೊಂದದಿದ್ದರೆ ಬೆಲೆಬಾಳುವ ಯಂತ್ರವೂ ಕೆಟ್ಟದಾಗಿಯೇ ಹಾಡುತ್ತದೆ.

ಪ್ರೀಆಂಪ್ಲಿಫೈಯರಿನ ಕೆಲಸ ಎಷ್ಟು ನಾಜೂಕಿನದೆಂದು ನೋಡಿ. ಸಾಮಾನ್ಯವಾಗಿ ಬಳಕೆಯಲ್ಲಿರುವ ಚಲಿಸುವ ಅಯಸ್ಕಾಂತದ ಕಾರ್ಟ್ರಿಜ್ ಕೊಡುವುದು ಕೇವಲ 3ರಿಂದ 5 ಮಿಲಿವೋಲ್ಟು. ಅದನ್ನು ಸುಮಾರು 100 ಪಟ್ಟು ಹೆಚ್ಚಿಸಬೇಕು. ಚಲಿಸುವ ಸುರುಳಿಯ ಕಾರ್ಟ್ರಿಜ್ಜುಗಳಲ್ಲಿ ಅನೇಕವು ಇದರ ಹತ್ತನೆಯ ಒಂದು ಪಾಲನ್ನೂ ಕೊಡುವುದಿಲ್ಲ. ಅವುಗಳಿಗೆ ಸುಮಾರು 1000 ಪಟ್ಟು ಹೆಚ್ಚಿಸುವ ಏರ್ಪಾಡು ಬೇಕು. ಮಿತವಾದ ಖರ್ಚಿನಲ್ಲಿ ಸಂಸಾರ ತೂಗಿಸುವವರು ಅವುಗಳ ಗೊಡವೆಗೆ ಹೋಗದಿರುವುದೇ ಒಳ್ಳೆಯದು.

ಹೆಚ್ಚಿಸಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಮಂದ್ರದ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಗೀರು ಅಗಲವಾಗಿ ಓಲಾಡಿ ಪಕ್ಕದ ಗೀರನ್ನು ತಾಗುತ್ತದೆ. ತಾರದ ಸ್ವರಗಳನ್ನು ಇದ್ದಂತೆಯೇ ಕೊರೆದರೆ ಅವು ತಟ್ಟೆಯ ಸರಸರ ಸದ್ದಿನಲ್ಲಿ ಮುಳುಗುತ್ತವೆ. ಆದ್ದರಿಂದ ಕೊರೆಯುವಾಗಲೇ ಮಂದ್ರವನ್ನು ತಗ್ಗಿಸಿ ತಾರವನ್ನು ಏರಿಸಿರುತ್ತಾರೆ. ಕೇಳುವಾಗ ಇದಕ್ಕೆ ತದ್ವಿರುದ್ಧವಾಗಿ ಸರಿಪಡಿಸಬೇಕು. ಇದರ ಪ್ರಮಾಣವನ್ನು ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ 1954ರಲ್ಲಿ ಗೊತ್ತುಪಡಿಸಿತು. ಅದನ್ನೇ ಆರ್.ಐ.ಎ.ಎ. ಪ್ರಮಾಣ ಎನ್ನುತ್ತಾರೆ. ಅದರಂತೆ ಸೆಕೆಂಡಿಗೆ 1000 ಕಂಪನಗಳ ಸ್ವರಕ್ಕೆ ಹೋಲಿಸಿದರೆ, 20 ಕಂಪನಗಳ ಸ್ವರವನ್ನು ಸುಮಾರು 9 ಪಟ್ಟು ಏರಿಸಬೇಕು, 20,000 ಕಂಪನಗಳ ಸ್ವರವನ್ನು ಹೆಚ್ಚುಕಡಿಮೆ ಅಷ್ಟೇ ಪಟ್ಟು ಇಳಿಸಬೇಕು. ಹಿಂದೆ 'ಫೋನೋ' ಎಂದು ಬರೆದಿರುವ ಸಂದಿನಲ್ಲಿ ಈ ಏರ್ಪಾಡು ಇರುತ್ತದೆ. 'ಆಕ್ಸ್' ಅಥವಾ 'ಟ್ಯೂನರ್' ಎಂದಿರುವಲ್ಲಿ ಇರುವುದಿಲ್ಲ. ಅಯಸ್ಕಾಂತದ ಕಾರ್ಟ್ರಿಜ್ಜನ್ನು ಆಕ್ಸಿಗೆ ಜೋಡಿಸಿ, ಸದ್ದು ಸಣ್ಣಗೆ ಕೀರಲಾಗಿ ಬರುತ್ತದೆಂದು ಆಂಪ್ಲಿಫೈಯರನ್ನೇ ಮಾರಿದವರುಂಟು.

ಆದ್ದರಿಂದ ಅಂಗಡಿಗೆ ಹೋಗುವ ಮೊದಲು ನಿಮ್ಮ ಮನೆಯ ರೆಕಾರ್ಡ್ ಪ್ಲೇಯರಿನಲ್ಲಿರುವುದು ಯಾವ ಬಗೆಯ ಕಾರ್ಟ್ರಿಜ್ ಎಂಬುದನ್ನು ತಿಳಿದುಕೊಳ್ಳಿ. ಹಳೆಯ ಸಾಮಾನ್ಯ ಪ್ಲೇಯರುಗಳಲ್ಲಿ ಹೆಚ್ಚಾಗಿರುವುದು ಕ್ರಿಸ್ಟಲ್ ಅಥವಾ ಸಿರಾಮಿಕ್ ಕಾರ್ಟ್ರಿಜ್. ಇವು ನೂರಾರು ಮಿಲಿವೋಲ್ಟು ಕೊಡುತ್ತವೆ, ಇವಕ್ಕೆ ಫೋನೋ ಸಂದು ಬೇಕಾಗಿಲ್ಲ. ಆದರೆ ಇವು ತಟ್ಟೆಯ ಮೇಲೆ ಹೆಚ್ಚು ಭಾರ ಹಾಕುತ್ತವೆ. ಅಯಸ್ಕಾಂತದ ಕಾರ್ಟ್ರಿಜ್ಜಿಗೆ ಸಾಮಾನ್ಯವಾಗಿ ಒಂದೂವರೆಯಿಂದ 3 ಗ್ರಾಂ ಭಾರ ಸಾಕು. ಎಲ್‌.ಪಿ. ರೆಕಾರ್ಡುಗಳು ಹೆಚ್ಚಾಗಿರುವವರು ಮೊದಲ ಹಣವನ್ನು ಒಳ್ಳೆಯ ಅಯಸ್ಕಾಂತದ ಕಾರ್ಟ್ರಿಜ್ಜಿಗೂ ಹೊಸ ಮುಳ್ಳಿಗೂ ಕೊಡುವುದು ಮೇಲು. ಸವೆದ ಮುಳ್ಳು ಗೀರನ್ನೇ ಕೆರೆದುಹಾಕುತ್ತದೆ. ಆ ನಷ್ಟವನ್ನು ಯಾವ ಆಂಪ್ಲಿಫೈಯರೂ ತುಂಬಿಕೊಡಲಾರದು.

ಅರಗಿನ 78ರ ತಟ್ಟೆಗಳಿದ್ದರೆ ಮತ್ತೊಂದು ಮಾತು. ಅವುಗಳ ಗೀರು ಎಲ್‌.ಪಿ.ಯದಕ್ಕಿಂತ ಸುಮಾರು ಮೂರು ಪಟ್ಟು ಅಗಲ. ಅದಕ್ಕೆ ಬೇರೆಯ ಮುಳ್ಳೇ ಬೇಕು. ಎಲ್‌.ಪಿ.ಯ ಮುಳ್ಳನ್ನಿಟ್ಟರೆ ಅದು ಗೀರಿನ ತಳದ ಕಸದಲ್ಲಿ ಉಜ್ಜಿಕೊಂಡು ಹೋಗುತ್ತದೆ. 1954ಕ್ಕೆ ಮುಂಚಿನ ತಟ್ಟೆಗಳು ಒಂದೇ ಪ್ರಮಾಣವನ್ನು ಅನುಸರಿಸಿದವೂ ಅಲ್ಲ. ಹೀಗಿರುವಾಗ ಮಂದ್ರ ಮತ್ತು ತಾರಗಳನ್ನು ಬೇರೆಬೇರೆಯಾಗಿ ತಿರುಗಿಸುವ ಗುಂಡಿಗಳೂ, 'ಮಾನೋ' ಗುಂಡಿಯೂ ಇರುವ ಪ್ರೀಆಂಪ್ಲಿಫೈಯರನ್ನೇ ಆರಿಸಿಕೊಳ್ಳಿ. ಸ್ಟೀರಿಯೋ ಕಾರ್ಟ್ರಿಜ್ಜಿನಿಂದ ಹಳೆಯ ತಟ್ಟೆ ಕೇಳುವಾಗ ಮಾನೋ ಗುಂಡಿ ಒತ್ತಿದರೆ, ಮುಳ್ಳಿನ ಮೇಲುಕೆಳಗಿನ ಅಲುಗಾಟದಿಂದ ಬರುವ ಗದ್ದಲ ಬಹುಪಾಲು ತಗ್ಗುತ್ತದೆ. ಗುಂಡಿಗಳಿಲ್ಲದ ಯಂತ್ರವೇ ಶುದ್ಧವೆಂದು ಹೇಳುವವರಿದ್ದಾರೆ. ಹಳೆಯ ತಟ್ಟೆಗಳ ಯಜಮಾನರಿಗೆ ಆ ಮಾತು ಸಲ್ಲದು.

ಇನ್ನು ಹೊಂದಾಣಿಕೆ. ವಾಲ್ವಿನ ಹಳೆಯ ಪ್ರೀಆಂಪ್ಲಿಫೈಯರುಗಳನ್ನು ಮುಂದಿನ ಯಂತ್ರ 1 ಲಕ್ಷ ಓಮ್ ಅಥವಾ ಅದಕ್ಕೂ ಮೇಲ್ಪಟ್ಟ ತಡೆ ಒಡ್ಡುತ್ತದೆಂಬ ಎಣಿಕೆಯಲ್ಲಿ ರಚಿಸಿರುತ್ತಾರೆ. ಈಚಿನ ಕೆಲವು ಪವರ್ ಆಂಪ್ಲಿಫೈಯರುಗಳು ಒಡ್ಡುವ ತಡೆ 10 ಸಾವಿರ ಓಮ್ ಮಾತ್ರ. ಪ್ರೀಆಂಪ್ಲಿಫೈಯರಿನ ಕೊನೆಯ ಕೆಪಾಸಿಟರು 0.1 ಮೈಕ್ರೊಫ್ಯಾರಡ್ಡಿನದಾಗಿದ್ದರೆ, ಮೊದಲನೆಯ ಸಂದರ್ಭದಲ್ಲಿ ಮಂದ್ರವು ಸುಮಾರು 16 ಕಂಪನಗಳವರೆಗೆ ಇಳಿಯುತ್ತದೆ. ಎರಡನೆಯದರಲ್ಲಿ ಸುಮಾರು 160ರಲ್ಲೇ ಕುಸಿಯತೊಡಗುತ್ತದೆ. ಗಂಡುದನಿಯ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜದ ತಂತಿ 70 ಕಂಪನಗಳ ಆಸುಪಾಸಿನಲ್ಲಿ ನುಡಿಯುತ್ತದೆ. ಅಂದಮೇಲೆ ಎರಡೂ ಯಂತ್ರಗಳು ಸುಸ್ಥಿತಿಯಲ್ಲಿದ್ದರೂ ತಂಬೂರಿಯ ಗಾಂಭೀರ್ಯ ಮಾಯವಾಗುತ್ತದೆ. ಕೊಳ್ಳುವ ಮುಂಚೆ ಈ ಎರಡು ಸಂಖ್ಯೆಗಳನ್ನು ಕೇಳಿ ತಿಳಿಯಿರಿ.

ಹೆಸರಾಂತ ಹಳೆಯ ಪ್ರೀಆಂಪ್ಲಿಫೈಯರುಗಳಲ್ಲಿ ಎರಡನ್ನು ಹೇಳಬಹುದು. ಅಮೆರಿಕದ ಡೈನಾಕೊ ಸಂಸ್ಥೆಯ ಪಿ.ಎ.ಎಸ್. ಮಾದರಿ 1960ರ ದಶಕದಲ್ಲಿ ಮನೆಯಲ್ಲೇ ಜೋಡಿಸಿಕೊಳ್ಳುವ ಬಿಡಿಭಾಗಗಳಾಗಿಯೂ ದೊರೆಯುತ್ತಿತ್ತು. ರಚನೆ ಸರಳವಾದ್ದರಿಂದ ರಿಪೇರಿಯೂ ಸುಲಭ. ಅದರಲ್ಲಿರುವ 12ಎಎಕ್ಸ್7 ವಾಲ್ವು ಮತ್ತು ಇ.ಸಿ.ಸಿ. 83 ಎರಡೂ ಒಂದೇ. ನಮ್ಮ ಜಾಲಹಳ್ಳಿಯ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಲ್ಲಿ ಹಿಂದೆ ತಯಾರಾದ ರೇಡಿಯೋ ವಾಲ್ವುಗಳು ಹಳೆಯ ದಾಸ್ತಾನಿನಲ್ಲಿ ಈಗಲೂ ಅಲ್ಲಲ್ಲಿ ಕಣ್ಣಿಗೆ ಬೀಳುತ್ತವೆ. ಇನ್ನೊಂದು, ಇಂಗ್ಲೆಂಡಿನ ಕ್ವಾಡ್ ಸಂಸ್ಥೆ 1967ರಲ್ಲಿ ಹೊರತಂದ ಟ್ರಾನ್ಸಿಸ್ಟರಿನ ಕ್ವಾಡ್ 33. ಅದನ್ನು ಅದರ ಜೊತೆಯ 303 ಪವರ್ ಆಂಪ್ಲಿಫೈಯರಿಗೆಂದೇ ರಚಿಸಿದ್ದು. ಅದು ಹೊರಗೆ ಕೊಡುವುದು ಸುಮಾರು ಅರ್ಧ ವೋಲ್ಟು. ಹೆಚ್ಚು ಬೇಡುವ ಬೇರೆ ಯಂತ್ರಕ್ಕೆ ಜೋಡಿಸಿದರೆ ಸದ್ದು ಸಾಲದು. ಇವೆರಡಕ್ಕೂ ಹುಡುಕಾಟವೂ ಹಣವೂ ಬೇಕು.

ಕೈಯಲ್ಲಿ ಸ್ವಲ್ಪವೇ ಹಣವಿರುವವರಿಗೆ ನಮ್ಮ ಸಲಹೆ ಬೇರೆ. ಪ್ರತ್ಯೇಕ ಪ್ರೀಆಂಪ್ಲಿಫೈಯರಿನ ಆಸೆಯನ್ನು ಬಿಟ್ಟು, 1970-80ರ ದಶಕಗಳಲ್ಲಿ ತಯಾರಾದ, ಫೋನೋ ಸಂದಿರುವ ಒಂದು ಕೂಡು-ಆಂಪ್ಲಿಫೈಯರನ್ನು ಕೊಳ್ಳಿ. ಜಪಾನಿನವಷ್ಟೇ ಅಲ್ಲ, ನಮ್ಮ ದೇಶದ ಕಾಸ್ಮಿಕ್, ಸೋನೋಡೈನ್ ಮೊದಲಾದವೂ ಹಳೆಯ ಸಾಮಾನಿನ ಪೇಟೆಯಲ್ಲಿ ಸಿಕ್ಕುವುದುಂಟು. ಅದರಲ್ಲಿ ಪ್ರೀಆಂಪ್ಲಿಫೈಯರು ಒಳಗೇ ಇರುವುದರಿಂದ ಹೊಂದಾಣಿಕೆಯ ಚಿಂತೆ ತಪ್ಪುತ್ತದೆ. ಫೋನೋ ಇಲ್ಲದ ಒಳ್ಳೆಯ ಆಂಪ್ಲಿಫೈಯರು ಈಗಾಗಲೇ ಮನೆಯಲ್ಲಿದ್ದರೆ, ಚಿಕ್ಕದೊಂದು ಹೊಸ ಫೋನೋ ಪೆಟ್ಟಿಗೆಯನ್ನು ಆಕ್ಸಿಗೆ ಜೋಡಿಸಿದರೆ ಸಾಕು.

ಉಳಿಸಿದ ಹಣವನ್ನು ಸ್ಪೀಕರಿಗೆ ಕೊಡಿ. ಸುಸ್ಥಿತಿಯಲ್ಲಿರುವ ಎರಡು ಆಂಪ್ಲಿಫೈಯರುಗಳ ನಡುವಣ ಅಂತರವನ್ನು ಕಂಡುಹಿಡಿಯಲು ಕಿವಿಗೊಟ್ಟು ಕೂರಬೇಕು; ಎರಡು ಸ್ಪೀಕರುಗಳ ಅಂತರ ಅಡಿಗೆಮನೆಯಲ್ಲಿರುವವರಿಗೂ ತಿಳಿಯುತ್ತದೆ. ಸ್ಪೀಕರಿನಲ್ಲಿ ನೋಡಬೇಕಾದ ಮೊದಲ ಸಂಖ್ಯೆ ಅದರ ಸೂಕ್ಷ್ಮತೆ, ಎಂದರೆ 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಬರುತ್ತದೆಂಬುದು. 84ರ ಸ್ಪೀಕರಿಗೂ 94ರ ಸ್ಪೀಕರಿಗೂ 10 ಡೆಸಿಬೆಲ್ ವ್ಯತ್ಯಾಸ. ಹತ್ತೇ ತಾನೆ ಎನ್ನಬೇಡಿ. ಒಂದೇ ಮಟ್ಟದ ಸದ್ದಿಗೆ ಮೊದಲನೆಯದು ಎರಡನೆಯದರ 10 ಪಟ್ಟು ವಾಟ್ ಬೇಡುತ್ತದೆ. 4 ವಾಟಿನ ಸಣ್ಣ ವಾಲ್ವು ಆಂಪ್ಲಿಫೈಯರು ಇರುವವರು 90ಕ್ಕೆ ಮೇಲ್ಪಟ್ಟ ಸ್ಪೀಕರನ್ನೇ ಹುಡುಕಬೇಕು. 30 ವಾಟಿನ ಟ್ರಾನ್ಸಿಸ್ಟರ್ ಯಂತ್ರವಿದ್ದರೆ 85ರಿಂದ 88ರದೂ ಸಾಮಾನ್ಯ ನಡುಮನೆಗೆ ಸಾಕು.

ಸಣ್ಣ ಪೆಟ್ಟಿಗೆಯಿಂದ ಆಳವಾದ ಮಂದ್ರ ಬರಬೇಕಾದರೆ ಸೂಕ್ಷ್ಮತೆಯನ್ನು ಬಿಟ್ಟುಕೊಡಬೇಕಾಗುತ್ತದೆ. ಅಮೆರಿಕದ ಎಡ್ಗರ್ ವಿಲ್ಚರ್ 1954ರಲ್ಲಿ ಅಕೂಸ್ಟಿಕ್ ರಿಸರ್ಚ್ ಸಂಸ್ಥೆಯ ಮೂಲಕ ಹೊರತಂದ ಎ.ಆರ್. 1 ಸ್ಪೀಕರಿನಲ್ಲಿ, ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿ, ಒಳಗಿನ ಗಾಳಿಯನ್ನೇ ಸ್ಪ್ರಿಂಗಿನಂತೆ ಬಳಸಿಕೊಂಡರು. ಅಲ್ಲಿಯವರೆಗೆ ಬೀರುವಿನಷ್ಟು ದೊಡ್ಡ ಪೆಟ್ಟಿಗೆ ಮಾಡುತ್ತಿದ್ದ ಕೆಲಸವನ್ನು ಪುಸ್ತಕದ ಕಪಾಟಿನಲ್ಲಿ ಹಿಡಿಸುವ ಪೆಟ್ಟಿಗೆ ಮಾಡಿತು. ಆದರೆ ಅದಕ್ಕೆ ಬಲವಾದ ಆಂಪ್ಲಿಫೈಯರು ಬೇಕಾಯಿತು. ಬಿ.ಬಿ.ಸಿ.ಯವರು 1970ರ ದಶಕದಲ್ಲಿ ಹೊರಾಂಗಣ ಪ್ರಸಾರದ ವಾಹನಗಳಿಗೆಂದು ರಚಿಸಿದ ಪುಟ್ಟ ಎಲ್.ಎಸ್. 3/5ಎ ಮಾತನ್ನೂ ಗಾಯನವನ್ನೂ ಬಹು ನಿಚ್ಚಳವಾಗಿ ನುಡಿಸುತ್ತದೆ, ಆದರೆ ಅದರ ಸೂಕ್ಷ್ಮತೆ ಸುಮಾರು 83. ಅದರ ಈಗಿನ ಬೆಲೆಯೂ ನಮ್ಮ ಲೆಕ್ಕಕ್ಕೆ ಒಗ್ಗುವಂಥದಲ್ಲ. ಹೆಸರಿಗೆ ಬೆಲೆ ಕೊಡದೆ, 8 ಅಂಗುಲದ ಮಂದ್ರದ ಸ್ಪೀಕರೂ ಒಂದು ಸಣ್ಣ ತಾರದ ಸ್ಪೀಕರೂ ಇರುವ, ಗಟ್ಟಿಮುಟ್ಟಾದ ಪೆಟ್ಟಿಗೆಯ ಜೋಡಿಯನ್ನು ಹುಡುಕಿದರೆ ಸಂಸಾರಸ್ಥರಿಗೆ ಸಾಕು.

ಹಳೆಯ ಸ್ಪೀಕರನ್ನು ಪರೀಕ್ಷಿಸದೆ ಮನೆಗೆ ತರಬಾರದು. ಮುಂದಿನ ಬಟ್ಟೆಯನ್ನು ತೆಗೆಸಿ ನೋಡಿ. ಕೋನಿನ ಅಂಚಿನ ಪಟ್ಟಿ ಫೋಮಿನದಾಗಿದ್ದರೆ ವರ್ಷಗಳು ಕಳೆದಂತೆ ಹುಡಿಯಾಗಿ ಉದುರುತ್ತದೆ. ನಮ್ಮ ಕರಾವಳಿ, ಮಲೆನಾಡುಗಳ ತೇವದಲ್ಲಿ ಇನ್ನೂ ಬೇಗ. ಬಟ್ಟೆಯ ಅಥವಾ ರಬ್ಬರಿನ ಅಂಚಾದರೆ ಬಾಳಿಕೆ ಹೆಚ್ಚು. ಬೆರಳುಗಳಿಂದ ಕೋನನ್ನು ಎಲ್ಲ ಕಡೆ ಸಮನಾಗಿ ಮೆಲ್ಲನೆ ಒತ್ತಿರಿ. ಒಳಗೆ ಕೆರೆದ ಸದ್ದು ಬಂದರೆ ಸುರುಳಿ ಓರೆಯಾಗಿದೆಯೆಂದು ತಿಳಿಯಿರಿ. ಒಂದೂವರೆ ವೋಲ್ಟಿನ ಟಾರ್ಚ್ ಸೆಲ್ಲನ್ನು ಹಿಂದಿನ ತುದಿಗಳಿಗೆ ಕ್ಷಣಮಾತ್ರ ತಾಗಿಸಿರಿ. ಟಪ್ಪೆಂದು ಸದ್ದಾಗಿ ಕೋನು ಅಲುಗಬೇಕು. ಒಂದೇ ರೀತಿಯಲ್ಲಿ ತಾಗಿಸಿದಾಗ ಎರಡೂ ಕೋನುಗಳು ಒಂದೇ ದಿಕ್ಕಿಗೆ ಚಲಿಸಬೇಕು. ಒಂದು ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋದರೆ ಒಂದರ ತಂತಿಯನ್ನು ಅದಲುಬದಲು ಮಾಡಬೇಕು. ಇಲ್ಲವಾದರೆ ಮೃದಂಗದ ಎಡಭಾಗದ ನಾದ ಗಾಳಿಯಲ್ಲೇ ಪರಸ್ಪರ ಹೊಡೆದುಹೋಗುತ್ತದೆ.

ಸ್ಪೀಕರಿನ ಓಮ್ ಸಂಖ್ಯೆಯನ್ನೂ ಮರೆಯಬೇಡಿ. ವಾಲ್ವಿನ ಆಂಪ್ಲಿಫೈಯರಿನಲ್ಲಿ 4, 8, 16 ಎಂದು ಗುರುತಿರುವ ತುದಿಗಳಲ್ಲಿ ಸರಿಯಾದುದಕ್ಕೇ ಜೋಡಿಸಬೇಕು. ಸ್ಪೀಕರು ಜೋಡಿಸದೆ ಅದನ್ನು ಎಂದಿಗೂ ನುಡಿಸಬಾರದು. ಟ್ರಾನ್ಸಿಸ್ಟರಿನದಕ್ಕೆ, ಹಿಂದೆ ಬರೆದಿರುವುದಕ್ಕಿಂತ ಕಡಿಮೆ ಓಮಿನ ಸ್ಪೀಕರನ್ನು ಜೋಡಿಸಬಾರದು.

ಈಗ ಪ್ರಾಣಕ್ಕೆ ಸಂಬಂಧಿಸಿದ ಮಾತು. ಮನೆಯ ಹಳೆಯ ವಾಲ್ವು ರೇಡಿಯೋದ ಹಿಂದೆ ಪಿಕ್‌ಅಪ್ ತೂತುಗಳಿರುವುದನ್ನು ಕಂಡು, ಅದನ್ನೇ ಆಂಪ್ಲಿಫೈಯರಾಗಿ ಬಳಸೋಣವೆಂದು ಅನೇಕರಿಗೆ ತೋರುತ್ತದೆ. ಎ.ಸಿ. ಮತ್ತು ಡಿ.ಸಿ. ಎರಡರಲ್ಲೂ ನಡೆಯುವಂತೆ ಮಾಡಿದ ಸೆಟ್ಟುಗಳಲ್ಲಿ ಮೈನ್ಸ್ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಳಗಿನ ಲೋಹದ ತಟ್ಟೆಗೆ ಮನೆಯ ವಿದ್ಯುತ್ತೇ ನೇರವಾಗಿ ತಾಗಿರುತ್ತದೆ. ನಡುವೆ ರಕ್ಷಣೆಗೆಂದು ಇಟ್ಟ ಕೆಪಾಸಿಟರು ಹಳತಾಗಿ ಸೋರಿದರೆ, ಪ್ಲೇಯರಿನ ಕೈಯನ್ನು ಮುಟ್ಟಿದವರಿಗೆ 230 ವೋಲ್ಟು ಹೊಡೆಯಬಹುದು. ಯು.ಎಲ್. 84, ಯು.ಸಿ.ಎಚ್. 81 ಹೀಗೆ 'ಯು' ಅಕ್ಷರದಿಂದ ಆರಂಭವಾಗುವ ವಾಲ್ವುಗಳು ಅಂಥ ಸೆಟ್ಟಿನ ಗುರುತು. ಆ ಗುರುತು ಇಲ್ಲವೆಂದು ಧೈರ್ಯಪಡದೆ, ಬಲ್ಲವರಿಂದ ಪರೀಕ್ಷೆ ಮಾಡಿಸದ ಹೊರತು ಯಾವ ಹಳೆಯ ರೇಡಿಯೋಕ್ಕೂ ಏನನ್ನೂ ಜೋಡಿಸಬೇಡಿ.

ಹೊರದೇಶದ ಯಂತ್ರಗಳ ವೋಲ್ಟೇಜನ್ನೂ ನೋಡಬೇಕು. ಅಮೆರಿಕದ್ದು 120, ಜಪಾನಿನ ಒಳಪೇಟೆಯದು 100 ವೋಲ್ಟು. ನಮ್ಮಲ್ಲಿ ನೇರವಾಗಿ ಚುಚ್ಚಿದರೆ ಸುಟ್ಟುಹೋಗುತ್ತವೆ. ಟ್ರಾನ್ಸ್‌ಫಾರ್ಮರ್ ಹಾಕಿದರೆ ಆಂಪ್ಲಿಫೈಯರಿನ ಕಷ್ಟ ತೀರುತ್ತದೆ, ಎಲ್ಲ ಪ್ಲೇಯರುಗಳದೂ ತೀರುವುದಿಲ್ಲ. 60 ಆವರ್ತಗಳ ವಿದ್ಯುತ್ತಿಗೆ ತಾಳ ಹಾಕಿ ತಿರುಗುವ ಮೋಟಾರು ನಮ್ಮ 50ರಲ್ಲಿ ನಿಧಾನವಾಗಿ, ಹಾಡಿನ ಶ್ರುತಿ ಷಡ್ಜದಿಂದ ಸಾಧಾರಣ ಗಾಂಧಾರಕ್ಕಿರುವಷ್ಟು ಕೆಳಗಿಳಿಯುತ್ತದೆ. ವರ್ಷಗಟ್ಟಲೆ ಸುಮ್ಮನಿದ್ದ ಯಾವ ಯಂತ್ರವನ್ನಾಗಲಿ ಮೊದಲ ಸಲ ಚಾಲೂ ಮಾಡುವಾಗ, ರಿಪೇರಿಯವರು ಬಳಸುವ ಸೀರೀಸ್ ಬಲ್ಬಿನ ಮೂಲಕವೇ ಮಾಡಿಸಿ. ಒಳಗೆ ದೋಷವಿದ್ದರೆ ಬಲ್ಬು ಪ್ರಕಾಶವಾಗಿ ಉರಿದು ಎಚ್ಚರಿಸುತ್ತದೆ, ಯಂತ್ರ ಉಳಿಯುತ್ತದೆ.

ಕೊನೆಯದಾಗಿ ಕೋಣೆ. ಬರಿಯ ನೆಲ, ಬರಿಯ ಗೋಡೆಗಳ ಕೋಣೆಯಲ್ಲಿ ಸದ್ದು ಮರುಗುಟ್ಟಿ ಸಾಹಿತ್ಯ ಕಲಸಿಹೋಗುತ್ತದೆ. ಒಂದು ಜಮಖಾನೆ, ದಪ್ಪ ಪರದೆ, ಪುಸ್ತಕದ ಕಪಾಟು ಇದ್ದರೆ ಬಹಳಷ್ಟು ಸುಧಾರಿಸುತ್ತದೆ. ಸ್ಪೀಕರುಗಳನ್ನು ಮೂಲೆಗೆ ತಳ್ಳಿದರೆ ಮಂದ್ರ ಹೆಚ್ಚಿ ಗುಂಯ್‌ಗುಡುತ್ತದೆ. ಕುಳಿತವರ ಕಿವಿಯ ಎತ್ತರಕ್ಕೆ ತಾರದ ಸ್ಪೀಕರು ಬರುವಂತೆ, ಗೋಡೆಯಿಂದ ಒಂದು ಮೊಳ ಮುಂದಿಡಿ. ಇದಕ್ಕೆ ಕಾಸು ಖರ್ಚಿಲ್ಲ.

ಕೊಳ್ಳಲು ಹೋಗುವಾಗ ನಿಮಗೆ ಚೆನ್ನಾಗಿ ಪರಿಚಯವಿರುವ ಒಂದು ರೆಕಾರ್ಡನ್ನು ಜೊತೆಯಲ್ಲಿ ಒಯ್ಯಿರಿ. ಅಬ್ಬರದ ವಾದ್ಯಮೇಳ ಬೇಡ. ಒಬ್ಬರೇ ಹಾಡಿರುವುದು, ಇಲ್ಲವೇ ವೀಣೆ ಇರಲಿ. ದನಿ ಮೂಗಿನಿಂದ ಬಂದಂತಿದೆಯೆ, ವೀಣೆಯ ಗಮಕ ಕೊನೆಯವರೆಗೂ ಎಳೆಯಾಗಿ ಕೇಳುತ್ತದೆಯೆ, ಅರ್ಧ ಗಂಟೆ ಕೇಳಿದ ಮೇಲೂ ಇನ್ನೊಂದು ಬದಿಯನ್ನು ಹಾಕೋಣವೆನಿಸುತ್ತದೆಯೆ ಎಂದು ನೋಡಿ. ಹಾಗೆನಿಸಿದರೆ ಆ ಯಂತ್ರ ನಿಮ್ಮ ಮನೆಗೆ ತಕ್ಕುದೆಂದು ತಿಳಿಯಬಹುದು.